ಪರಿಚಯದ ಸಹಿ

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಬಾಗಿಲುಗಳು ಹಲವು. ಆದರೆ ಅವಕ್ಕೊಂದು ಕ್ರಮ ಉಂಟು. ಮೀನಿನ ಬುಟ್ಟಿ ಹೊತ್ತವಳು ಅಂಗಳದವರೆಗೆ, ಬಳೆಗಾರ ಜಗಲಿಯವರೆಗೆ, ಲೆಕ್ಕಪತ್ರದವರು ಚಾವಡಿಯವರೆಗೆ. ಉಗ್ರಾಣದ ಬೀಗದ ಕೈ ಮಾತ್ರ ಮನೆಯೊಡತಿಯ ಸೊಂಟದಲ್ಲಿ. ತಡಮೆ ದಾಟಿ ಬಂದವರೆಲ್ಲ ಉಗ್ರಾಣಕ್ಕೆ ಹೋಗಬಹುದೆಂದು ಯಾರೂ ತಿಳಿಯುತ್ತಿರಲಿಲ್ಲ. ಹಾಗೆಂದು ಅಂಗಳದಲ್ಲಿ ನಿಂತವರಿಗೆ ಅದರಿಂದ ಅವಮಾನವೂ ಆಗುತ್ತಿರಲಿಲ್ಲ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ನನ್ನ ಮಗಳ ಉದ್ಯೋಗ ನನಗೆ ಅರ್ಥವಾದದ್ದು ಈ ಬಾಗಿಲುಗಳಿಂದ. ಅವಳು ಕಂಪ್ಯೂಟರಿನವಳು. ಏನು ಕೆಲಸವೆಂದು ನೆರೆಯವರು ಕೇಳಿದರೆ ನಾನು “ಸಾಫ್ಟ್‌ವೇರ್” ಎಂದು ಹೇಳಿ ಪಾರಾಗುತ್ತಿದ್ದೆ. ಕಳೆದ ಬೇಸಿಗೆ ರಜೆಯಲ್ಲಿ ಹಲಸಿನ ಬೀಜ ಸುಲಿಯುತ್ತ ಕೂತಾಗ ಅವಳೇ ಹೇಳಿದಳು: “ಅಮ್ಮ, ನನ್ನದು ಬಾಗಿಲು ಕಾಯುವ ಕೆಲಸ.”

ಅವಳು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನೀವು ಮೊಬೈಲಿನಲ್ಲಿ ಕರೆಂಟು ಬಿಲ್ಲು ಕಟ್ಟುತ್ತೀರಿ ಎಂದಿಟ್ಟುಕೊಳ್ಳಿ. ನಿಮ್ಮ ಬೆರಳು ಒತ್ತಿದ ಕೂಡಲೇ ಅದು ನೇರವಾಗಿ ಲೆಕ್ಕದ ಪುಸ್ತಕಕ್ಕೆ ಹೋಗುವುದಿಲ್ಲ. ಮುಂದೆ ಒಂದು ಹೆಬ್ಬಾಗಿಲು ಉಂಟು. ಅದಕ್ಕೆ ಎಪಿಐ ಗೇಟ್‌ವೇ ಎಂದು ಹೆಸರು. ಯಾರು ಬಂದದ್ದು, ಏನು ಬೇಕು, ಒಂದೇ ನಿಮಿಷದಲ್ಲಿ ನೂರು ಸಲ ಬಡಿಯುತ್ತಿದ್ದಾರೆಯೇ ಎಂದೆಲ್ಲ ನೋಡಿ ಅದು ಒಳಗೆ ಬಿಡುತ್ತದೆ. ಒಳಗೆ ಬೇರೆ ಬೇರೆ ಕೋಣೆಗಳು: ಹೆಸರು ವಿಳಾಸದ್ದು ಒಂದು, ಬಿಲ್ಲಿನದು ಒಂದು, ಹಣದ್ದು ಇನ್ನೊಂದು. ಇವೆಲ್ಲ ಬ್ಯಾಕೆಂಡ್. ಈಗ ಈ ಕೋಣೆಗಳು ಒಂದೇ ಮನೆಯಲ್ಲಿ ಇರಬೇಕೆಂದೇನೂ ಇಲ್ಲ. ಕೆಲವು ಒಂದು ಕಂಪನಿಯ ಬಾಡಿಗೆ ಯಂತ್ರಗಳಲ್ಲಿ, ಕೆಲವು ಇನ್ನೊಂದರಲ್ಲಿ ಇರುತ್ತವೆ. ಕ್ಲೌಡ್ ಎಂದು ಕರೆಯುವುದು ಆ ಬಾಡಿಗೆ ಯಂತ್ರಗಳನ್ನೇ. ಹಾಗಾದರೆ ಈ ಮನೆಯ ಆಳನ್ನು ಆ ಮನೆಯವರು ಗುರುತಿಸುವುದು ಹೇಗೆ?

ನನಗೆ ನೆನಪಾದದ್ದು ನನ್ನ ಮೊದಲ ಬ್ಯಾಂಕ್ ಖಾತೆ. ನಮ್ಮದು ಬ್ಯಾಂಕುಗಳ ಸೀಮೆ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವು; ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ. (ವಿಜಯಾ 2019ರಲ್ಲಿ, ಉಡುಪಿಯ ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು.) 1992ರಲ್ಲಿ ಕೆಲಸಕ್ಕೆ ಸೇರಿದಾಗ ಸಂಬಳಕ್ಕೆಂದು ಖಾತೆ ತೆರೆಯಲು ಹೋದೆ. ಅರ್ಜಿಯ ಕೆಳಗೆ ಒಂದು ಸಾಲು: ಪರಿಚಯಿಸುವವರ ಸಹಿ. ಬ್ಯಾಂಕಿನವರಿಗೆ ನಾನು ಗೊತ್ತಿಲ್ಲ, ಆದರೆ ನಮ್ಮ ಮುಖ್ಯೋಪಾಧ್ಯಾಯಿನಿ ಗೊತ್ತು. ಅವರು ಸಹಿ ಹಾಕಿದರು, ಖಾತೆ ಆಯಿತು. ಹಾಗೆಂದು ಅವರ ಖಾತೆಯ ಹಣ ನನಗೆ ಕೊಡಲಿಲ್ಲ; ಸಾಲ ಕೇಳಿದ್ದರೂ ಆ ಸಹಿ ನೋಡಿ ಕೊಡುತ್ತಿರಲಿಲ್ಲ. ಸಹಿ ಹೇಳಿದ್ದು ಇಷ್ಟೇ: ಇವಳು ಇಂಥವಳು. ಇವಳಿಗೆ ಏನು ಕೊಡಬಹುದು ಎಂಬುದು ಬ್ಯಾಂಕಿನ ತೀರ್ಮಾನ.

“ಅದೇ ಅಮ್ಮ, ಫೆಡರೇಟೆಡ್ ಐಡೆಂಟಿಟಿ ಅಂದರೆ ಅದೇ” ಎಂದಳು ಮಗಳು. ಒಬ್ಬರು ಗುರುತು ಹೇಳುವುದು, ಇನ್ನೊಬ್ಬರು ಅದನ್ನು ನಂಬುವುದು. ಇದರ ಕ್ರಮವನ್ನು ಜಗತ್ತಿನ ತಂತ್ರಜ್ಞರು ಕೂಡಿ ಬರೆದಿಟ್ಟಿದ್ದಾರೆ: 2012ರ ಓಆಥ್ 2.0, 2014ರ ಓಪನ್ ಐಡಿ ಕನೆಕ್ಟ್. ಅದರಂತೆ ಕೊಡುವ ಚೀಟಿಗೆ ಟೋಕನ್ ಎಂದು ಹೆಸರು. ಚೀಟಿಯಲ್ಲಿ ಏನಿರುತ್ತದೆ ಎಂದು ಕೇಳಿದೆ. ಕೊಟ್ಟವರು ಯಾರು, ಯಾರ ಬಗ್ಗೆ, ಯಾರಿಗೆ ತೋರಿಸಲಿಕ್ಕೆ, ಎಷ್ಟು ಹೊತ್ತಿನವರೆಗೆ, ಕೊನೆಗೆ ಮುದ್ರೆ. ಮುದ್ರೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಒತ್ತುವುದು ಮಾತ್ರ ಒಬ್ಬರಿಗೇ ಸಾಧ್ಯ. ನನಗೆ ನಗು ಬಂತು. ಇದು ನಾವು ಮಕ್ಕಳಿಗೆ ಕೊಡುವ ಟಿ.ಸಿ. ಅಲ್ಲವೇ? ಪುತ್ತೂರಿನ ಶಾಲೆಯ ಟಿ.ಸಿ. ನೋಡಿ ಮಂಗಳೂರಿನ ಶಾಲೆ ಮಗುವನ್ನು ಸೇರಿಸಿಕೊಳ್ಳುತ್ತದೆ. ಆದರೆ ಯಾವ ವಿಭಾಗದಲ್ಲಿ ಕೂರಿಸಬೇಕೆಂದು ಪುತ್ತೂರಿನವರು ಹೇಳುವಂತಿಲ್ಲ.

ಈ ಚೀಟಿ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಪಕ್ಕದ ಕೋಣೆಯ ಬೀಗದ ಕೈಯನ್ನು ಪ್ರೋಗ್ರಾಮಿನ ಒಳಗೇ ಬರೆದಿಡುತ್ತಿದ್ದರಂತೆ. ಈಗಲೂ ಎಷ್ಟೋ ಕಡೆ ಹಾಗೆಯೇ ಉಂಟಂತೆ. ಅದೂ ನನಗೆ ಪರಿಚಿತವೇ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ದಾಖಲೆಯ ಕಪಾಟಿನ ಬೀಗದ ಕೈ ಸರಸ್ವತಿಯ ಪಟದ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅದು ಗುಟ್ಟು. ಆ ಗುಟ್ಟು ಎಲ್ಲರಿಗೂ ಗೊತ್ತು. ಗುಮಾಸ್ತರು ವರ್ಗವಾಗಿ ಹೋದರು, ಜವಾನರು ನಿವೃತ್ತರಾದರು, ಬೀಗ ಮಾತ್ರ ಬದಲಾಗಲಿಲ್ಲ. ಬದಲಾಯಿಸಿದರೆ ಎಷ್ಟು ಜನರಿಗೆ ಹೊಸ ಕೈ ಮಾಡಿಸಬೇಕೋ ಎಂಬ ಸೋಮಾರಿತನ.

ಶಾಶ್ವತವಾದ ಬೀಗದ ಕೈಯ ತೊಂದರೆಯೇ ಅದು. ಕದ್ದು ನಕಲು ಮಾಡಿಸಿದರೆ ಕಳೆದದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಈಗ ಪ್ರೋಗ್ರಾಮು ತನ್ನ ಸ್ವಂತ ಮನೆಯಿಂದ ಪರಿಚಯದ ಚೀಟಿ ತಂದು ತೋರಿಸುತ್ತದೆ. ಆಚೆ ಮನೆಯವರು ಮುದ್ರೆ ನೋಡಿ, ಇಂಥ ಕೋಣೆಗೆ ಮಾತ್ರ, ಒಂದು ಗಂಟೆಗೆ ಮಾತ್ರ ಎಂದು ಬೇರೆ ಚೀಟಿ ಕೊಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಾವು ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಮಾಡುವುದೂ ಇದನ್ನೇ. ಬಿಜೈ ನಿಲ್ದಾಣದಲ್ಲಿ ಬಸ್ಸು ಹತ್ತಿ ಗುರುತಿನ ಕಾರ್ಡು ತೋರಿಸುತ್ತೇವೆ. ಅದು ಬೇರೆ ಕಚೇರಿ ಕೊಟ್ಟದ್ದು. ನೋಡಿ ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾನೆ. ಅದು ಈ ಬಸ್ಸಿನದು, ಇಂದಿನದು. ಕಾರ್ಡು ನಮ್ಮ ಚೀಲಕ್ಕೆ ಮರಳುತ್ತದೆ. ಟಿಕೆಟು ಯಾರಾದರೂ ಕದ್ದರೆ ಕದಿಯಲಿ, ನಾಳೆ ಅದು ಬರೀ ಕಾಗದ.

“ಹೆಬ್ಬಾಗಿಲಿನಲ್ಲಿ ಒಮ್ಮೆ ಕೇಳಿದ ಮೇಲೆ ಒಳಗೆ ಮತ್ತೆ ಮತ್ತೆ ಕೇಳುವುದೇಕೆ?” ಎಂದೆ.

“ಹಿತ್ತಲಿನಿಂದ ನುಗ್ಗಿದವನಾದರೆ?” ಎಂದಳು. ಆದ್ದರಿಂದ ಪ್ರತಿ ಕೋಣೆಯೂ ಚೀಟಿ ನೋಡಲೇಬೇಕು. ಅದರಲ್ಲಿ ತನ್ನ ಹೆಸರಿಲ್ಲದಿದ್ದರೆ ಬಿಡಬಾರದು. ಇದಕ್ಕೆ ಜೀರೋ ಟ್ರಸ್ಟ್, ಅಂದರೆ ಶೂನ್ಯ ನಂಬಿಕೆ ಎಂದು ಹೆಸರಂತೆ. ಹೆಸರು ಕೇಳಿ ನನಗೆ ಪಿಚ್ಚೆನಿಸಿತು. ನಂಬಿಕೆಯನ್ನೇ ಕಲಿಸುತ್ತ ಬಂದವಳು ನಾನು. ಆದರೆ ಯೋಚಿಸಿದಾಗ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿ ಕಣ್ಣ ಮುಂದೆ ಬಂತು. ಗೇಟಿನಲ್ಲಿ ಪ್ರವೇಶಪತ್ರ ನೋಡಿರುತ್ತಾರೆ, ಆದರೂ ಬೆಂಚಿನ ಬಳಿ ಮತ್ತೆ ನೋಡುತ್ತಾರೆ. ಯಾವ ಮಗುವೂ ಅದರಿಂದ ನೊಂದುಕೊಂಡದ್ದನ್ನು ನಾನು ಕಂಡಿಲ್ಲ. ಎಲ್ಲರನ್ನೂ ಒಂದೇ ರೀತಿ ಕೇಳುವ ಕಡೆ ಅವಮಾನವಿಲ್ಲ.

ಇಷ್ಟೆಲ್ಲ ಕಂಪನಿಗಳ ಗೊಡವೆ, ನಮಗೇನು ಎನ್ನಬೇಡಿ. ಆಧಾರ್ ಕೂಡ ಹೀಗೆಯೇ ಕಟ್ಟಿದ ಮನೆ. 2009ರಲ್ಲಿ ಅದರ ಪ್ರಾಧಿಕಾರ ಸ್ಥಾಪನೆಯಾಯಿತು. ನಮ್ಮ ನಂದನ್ ನಿಲೇಕಣಿ ಮೊದಲ ಅಧ್ಯಕ್ಷರು. ಮಾಹಿತಿಯ ಉಗ್ರಾಣಗಳು ಬೆಂಗಳೂರಿನಲ್ಲೂ ಹರಿಯಾಣದ ಮಾನೇಸರದಲ್ಲೂ ಇವೆ. ಬ್ಯಾಂಕು ನೇರವಾಗಿ ಉಗ್ರಾಣದ ಬಾಗಿಲು ಬಡಿಯುವಂತಿಲ್ಲ; ಒಪ್ಪಿಗೆ ಪಡೆದ ಮಧ್ಯವರ್ತಿ ಸಂಸ್ಥೆಯ ಮೂಲಕ, ಅದಕ್ಕೆಂದೇ ಮೀಸಲಾದ ತಂತಿಯಲ್ಲಿ ಪ್ರಶ್ನೆ ಹೋಗಬೇಕು. ಬೆರಳು ಇವರದೇ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರ.

ಹೀಗಿದ್ದೂ 2023ರಲ್ಲಿ ನಮ್ಮ ಮಂಗಳೂರಿನಲ್ಲೇ ಆದದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಜಾಗದ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಯಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ. ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಗೆ ಓಟಿಪಿ ಬೇಕಿರಲಿಲ್ಲ; ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಸಾಕು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆಯುತ್ತಿದ್ದರೆಂದು ತನಿಖೆಯಲ್ಲಿ ಕಂಡು, ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡುವ ಕ್ರಮಕ್ಕೆ ಸರ್ಕಾರ ಆಮೇಲೆ ಮುಂದಾಯಿತು.

ಇಲ್ಲಿ ಉಗ್ರಾಣದ ಗೋಡೆಯನ್ನು ಯಾರೂ ಒಡೆಯಲಿಲ್ಲ ನೋಡಿ. ಗುರುತನ್ನೇ ಬೀಗದ ಕೈ ಮಾಡಿದ್ದರಿಂದ ಆದ ಅನಾಹುತ ಇದು. ಮಗಳ ಚೀಟಿ ಒಂದು ಗಂಟೆಯಲ್ಲಿ ಸಾಯುತ್ತದೆ. ನನ್ನ ಬೆರಳು ನಾನು ಸಾಯುವವರೆಗೆ ಅದೇ ಬೆರಳು. ಕದ್ದು ಹೋಯಿತೆಂದು ಹೊಸದನ್ನು ಮಾಡಿಸಿಕೊಳ್ಳಲು ಬರುವುದಿಲ್ಲ. ಆ ಸುದ್ದಿ ಬಂದ ವಾರ ನಮ್ಮ ಸ್ಟಾಫ್‌ರೂಮಿನಲ್ಲಿ ನಾವು ಐವರು ಕೂತು ಎಂಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಂಡೆವು. ಬೇಕಾದಾಗ ಸ್ವಲ್ಪ ಹೊತ್ತು ತೆರೆದರಾಯಿತು. ನಿಜವಾದ ಸಂಖ್ಯೆಯ ಬದಲು ಕೊಡಬಹುದಾದ ಹದಿನಾರು ಅಂಕಿಗಳ ವರ್ಚುವಲ್ ಐಡಿ ಕೂಡ 2018ರಿಂದ ಉಂಟು. ಬೇಡವೆನಿಸಿದರೆ ಹೊಸದನ್ನು ಪಡೆಯಬಹುದು.

ಬಾಗಿಲನ್ನು ಎಷ್ಟು ಬೇಕಾದರೂ ಬಿಗಿ ಮಾಡಬಹುದು. ಆದರೆ ಅದಕ್ಕೂ ಇನ್ನೊಂದು ಮುಖ ಉಂಟು. ನನ್ನ ತರಗತಿಯ ಎಷ್ಟೋ ಮಕ್ಕಳ ತಾಯಂದಿರು ಬೀಡಿ ಕಟ್ಟುವವರು. ವರ್ಷಗಟ್ಟಲೆ ಎಲೆ ಸುತ್ತಿ ಸುತ್ತಿ ಅವರ ಬೆರಳ ಗೆರೆಗಳೇ ಸವೆದಿವೆ. ಒಬ್ಬಾಕೆ ಪೋಷಕರ ಸಭೆಗೆ ಬಂದಾಗ ಬೆರಳು ಮುಂದೆ ಹಿಡಿದು, “ಟೀಚರ್, ಅಕ್ಕಿ ತರಲು ಹೋದರೆ ಮಿಷನ್ನು ನಾನು ನಾನಲ್ಲ ಅಂತ ಹೇಳುತ್ತದೆ” ಎಂದಳು. ಅಳಲಿಲ್ಲ, ನಗುತ್ತಲೇ ಹೇಳಿದಳು. ಆ ನಗು ನನಗೆ ಇನ್ನೂ ಚುಚ್ಚುತ್ತದೆ. ದುಡಿದದ್ದಕ್ಕೇ ಗುರುತು ಕಳೆದುಕೊಂಡವಳು ಅವಳು. ಕಳ್ಳನ ಕೈಯ ನಕಲಿ ಬೆರಳಿಗೆ ಹೌದು ಎನ್ನುವ ಯಂತ್ರ, ಇವಳ ಸ್ವಂತ ಬೆರಳಿಗೆ ಅಲ್ಲ ಎಂದರೆ ಅದನ್ನು ಭದ್ರತೆ ಎನ್ನುವುದು ಹೇಗೆ? ಒಂದು ಬಾಗಿಲು ಗುರುತಿಸದಿದ್ದರೆ ಓಟಿಪಿಯೋ, ಕಣ್ಣಿನ ಪಾಪೆಯೋ, ಊರವರ ಮಾತೋ, ಇನ್ನೊಂದು ದಾರಿ ತೆರೆದಿರಲೇಬೇಕು.

ಮಗಳಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಪರೀಕ್ಷೆ ಮಾಡುವಾಗ ಕಳ್ಳ ಒಳಗೆ ಬಂದನೇ ಎಂದು ನೂರು ಸಲ ನೋಡುತ್ತೇವೆ. ಮನೆಯವಳು ಹೊರಗೆ ಉಳಿದಳೇ ಎಂದು ನೋಡುವುದು ಕಡಿಮೆ” ಎಂದಳು.

ಗುರುತು ಕೇಳುವುದು ತಪ್ಪಲ್ಲ. ಕೇಳಿದ್ದನ್ನು ಏನು ಮಾಡುತ್ತಾರೆಂದು ನಾವೂ ಕೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಅವರ ಮೊಕದ್ದಮೆಯಿಂದಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ನಮಗೆ ಕೋರ್ಟಿಗೆ ಹೋಗುವಷ್ಟು ಪುರುಸೊತ್ತಿಲ್ಲ. ಆದರೆ ಅಂಗಡಿಯಲ್ಲೋ ಕಚೇರಿಯಲ್ಲೋ ಯಾರಾದರೂ ಹೆಬ್ಬೆರಳು ಒತ್ತಿ ಎಂದಾಗ ಮೂರು ಮಾತು ಕೇಳಲು ಪುರುಸೊತ್ತು ಮಾಡಿಕೊಳ್ಳಬಹುದು: ಇದು ಯಾವ ಕೆಲಸಕ್ಕೆ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಮತ್ತೆ ಯಾರಿಗೆ ತೋರಿಸುತ್ತೀರಿ? ಉತ್ತರ ಬರುವವರೆಗೆ ಕೈ ಸೆರಗಿನೊಳಗೇ ಇರಲಿ.