ಮಣ್ಣಾಗದ ವಸ್ತು

ಆಷಾಢದ ಗಾಳಿ ಬೀಸತೊಡಗಿತೆಂದರೆ ಚಳ್ಳಕೆರೆಯ ಸುತ್ತಣ ಬಯಲಿನಲ್ಲಿ ಜಾಲಿಯ ಗಿಡಗಳು ಹೊಸ ಬಗೆಯ ಹೂಗಳನ್ನು ಬಿಡುತ್ತವೆ. ಜಾಲಿಯ ಸಹಜವಾದ ಹೂ ಹಳದಿಯ ಬಣ್ಣದ್ದು. ಸಣ್ಣ ಗುಂಡಿಯಷ್ಟು ಗಾತ್ರದ್ದು. ಗಾಳಿಯ ಕಾಲದ ಈ ಹೂಗಳಾದರೋ ಬಿಳಿಯ, ನೀಲಿಯ, ಕಪ್ಪು ಬಣ್ಣದವು. ದೂರದ ಬಸ್ಸಿನಿಂದ ನೋಡಿದವರಿಗೆ ಅವು ಚೆಲುವಾಗಿಯೇ ಕಾಣುತ್ತವೆ. ಹತ್ತಿರ ಹೋದಾಗ ಮಾತ್ರ ಅವು ಮುಳ್ಳಿಗೆ ಸಿಕ್ಕಿ ಪಟಪಟನೆ ಬಡಿದುಕೊಳ್ಳುವ ಪ್ಲಾಸ್ಟಿಕ್ ಚೀಲಗಳೆಂಬುದು ತಿಳಿಯುತ್ತದೆ. ಈ ಹೂಗಳು ಬಾಡುವುದಿಲ್ಲ, ಉದುರುವುದಿಲ್ಲ, ಕಾಯಿ ಕಟ್ಟುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಕುರುಚಲು ಕಾಡು, ಬಂಡೆಗುಡ್ಡ, ನೆಲಗಡಲೆಯ ಹೊಲ, ಕುರಿಯ ಹಿಂಡು, ಇವೇ ಇಲ್ಲಿಯ ಸಂಪತ್ತು. ಇಂಥ ನೆಲದಲ್ಲಿ ಬಾಳಿದ ಜನ ಯಾವ ವಸ್ತುವನ್ನೂ ವ್ಯರ್ಥವಾಗಿ ಎಸೆದವರಲ್ಲ. ಚಳ್ಳಕೆರೆಯ ಕರಿಯ ಕಂಬಳಿಯನ್ನೇ ನೋಡಬಹುದು. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯನ್ನು ಹಿಂಜಿ, ನೂತು, ಹುಣಸೆಬೀಜದ ಸರಿಯನ್ನು ಹಚ್ಚಿ, ಮಗ್ಗದಲ್ಲಿ ನೇಯ್ದ ಕಂಬಳಿ ಮೊದಲು ಕುರಿಗಾಹಿಯ ಹೆಗಲೇರುತ್ತದೆ. ಮಳೆಯಲ್ಲಿ ಅದೇ ಕೊಪ್ಪೆ, ಚಳಿಯಲ್ಲಿ ಅದೇ ಹೊದಿಕೆ, ನೆಂಟರು ಬಂದಾಗ ಅದೇ ಹಾಸು. ಹಳೆಯದಾದ ಮೇಲೆ ಕಾಳಿನ ರಾಶಿಗೆ ಮುಸುಕಾಗುತ್ತದೆ; ಇನ್ನೂ ಹರಿದರೆ ಎತ್ತಿನ ಬೆನ್ನಿಗೋ, ಎಳೆಗರುವಿನ ಮೈಗೋ ಹೊದಿಕೆಯಾಗುತ್ತದೆ. ಕಟ್ಟಕಡೆಗೆ ತಿಪ್ಪೆಗೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಆ ಹೊಲದ ಕೂಳೆಯನ್ನು ಮತ್ತೆ ಕುರಿ ಮೇಯುತ್ತದೆ. ಇದನ್ನು ಯಾರೂ ಪರಿಸರರಕ್ಷಣೆ ಎಂದು ಕರೆಯಲಿಲ್ಲ. ಬಡತನ ಎಂದೇ ಕರೆದರು.

ಎಣ್ಣೆಯ ಕಥೆಯೂ ಹೀಗೆಯೇ. ನೆಲಗಡಲೆಯ ಎಣ್ಣೆಗಿರಣಿಗಳಿಂದ ಚಳ್ಳಕೆರೆಗೆ ಎಣ್ಣೆಯ ಪೇಟೆಯೆಂಬ ಹೆಸರು ಬಂದಿತು. ಈಗ ಆ ಗಿರಣಿಗಳಲ್ಲಿ ಅನೇಕವು ಮುಚ್ಚಿವೆ. ಎಣ್ಣೆ ಕೊಳ್ಳುವವರು ಮನೆಯಿಂದಲೇ ಸೀಸೆಯನ್ನೋ ತಂಬಿಗೆಯನ್ನೋ ತರುತ್ತಿದ್ದ ಕಾಲವೊಂದಿತ್ತು. ಹೊರ ಊರುಗಳಿಗೆ ಹೋಗುವ ಎಣ್ಣೆಯನ್ನು ತಗಡಿನ ಡಬ್ಬಗಳಲ್ಲಿ ತುಂಬುತ್ತಿದ್ದರು. ಬರಿದಾದ ಡಬ್ಬಕ್ಕೆ ಎಷ್ಟು ಜನ್ಮಗಳು! ನೀರು ಸೇದುವ ಬಕೆಟ್ಟು, ಅಕ್ಕಿಯ ಡಬ್ಬ, ತುಳಸಿಯ ಕುಂಡ, ಕೊನೆಗೆ ಬಡಿದು ಚಪ್ಪಟೆ ಮಾಡಿದರೆ ಗುಡಿಸಲಿನ ಬಾಗಿಲು. ಇಂದು ಎಣ್ಣೆ ತೆಳುವಾದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆ. ಅದರಲ್ಲಿ ಕಲಬೆರಕೆಯ ಭಯ ಕಡಿಮೆ, ಸೋರುವುದಿಲ್ಲ, ಸಾಗಿಸುವುದು ಸುಲಭ. ಆದರೆ ಮೂಲೆಯನ್ನು ಕತ್ತರಿಸಿ ಎಣ್ಣೆಯನ್ನು ಬಗ್ಗಿಸಿಕೊಂಡ ಕ್ಷಣದಲ್ಲಿಯೇ ಪೊಟ್ಟಣದ ಆಯುಷ್ಯ ಮುಗಿಯುತ್ತದೆ. ಉಪಯೋಗದ ಆಯುಷ್ಯ ಮುಗಿಯಿತೆಂದು ಹೇಳಬೇಕು. ಪೊಟ್ಟಣದ ಆಯುಷ್ಯ ಆಗತಾನೆ ಆರಂಭವಾಗುತ್ತದೆ.

ಈ ವಸ್ತು ಎಲ್ಲಿಂದ ಬಂದಿತು? ಹತ್ತೊಂಬತ್ತನೆಯ ಶತಮಾನದಲ್ಲಿ ಬಿಲಿಯರ್ಡ್ಸ್ ಆಟದ ಚೆಂಡುಗಳನ್ನು ಆನೆಯ ದಂತದಿಂದ ಮಾಡುತ್ತಿದ್ದರು. ದಂತ ದುಬಾರಿಯಾಗಿ, ಅದಕ್ಕೆ ಬದಲಾದ ಪದಾರ್ಥವನ್ನು ಹುಡುಕುತ್ತಿದ್ದಾಗ ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತನ ಪ್ರಯತ್ನದಿಂದ ಸೆಲ್ಯುಲಾಯ್ಡ್ ಬಳಕೆಗೆ ಬಂದಿತು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಪೂರ್ಣವಾಗಿ ಕೃತಕವಾದ ಬೇಕಲೈಟನ್ನು ತಯಾರಿಸಿದನು. 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬ ಊರಿನ ಪ್ರಯೋಗಶಾಲೆಯಲ್ಲಿ ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ, ಅಧಿಕ ಒತ್ತಡಕ್ಕೆ ಗುರಿಯಾದ ಎಥಿಲೀನ್ ಅನಿಲವು ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ಪದಾರ್ಥವಾಗಿ ಉಳಿಯಿತು. ಅದೇ ಪಾಲಿಥೀನ್. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ಯಂತ್ರದ ತಂತಿಗಳಿಗೆ ಹೊದಿಕೆಯಾಗಿ ದುಡಿದ ಆ ವಸ್ತುವಿನಿಂದ, ಹಿಡಿಯುಳ್ಳ ಕೈಚೀಲವನ್ನು ಒಂದೇ ತುಂಡಿನಲ್ಲಿ ತಯಾರಿಸುವ ವಿಧಾನಕ್ಕೆ 1965ರಲ್ಲಿ ಸ್ವೀಡನ್ನಿನ ಸಂಸ್ಥೆಯೊಂದು ಹಕ್ಕುಪತ್ರ ಪಡೆಯಿತು. ಜಾಲಿಯ ಮುಳ್ಳಿನಲ್ಲಿ ಬಡಿದುಕೊಳ್ಳುತ್ತಿರುವುದು ಆ ಚೀಲದ ಸಂತತಿಯೇ.

1950ರಲ್ಲಿ ಇಡೀ ಪ್ರಪಂಚದಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 20 ಲಕ್ಷ ಟನ್. 2019ರ ವೇಳೆಗೆ ಅದು 46 ಕೋಟಿ ಟನ್ನಿಗೆ ಏರಿತು. ಎಪ್ಪತ್ತು ವರ್ಷಗಳಲ್ಲಿ ಇನ್ನೂರು ಪಟ್ಟಿಗೂ ಮಿಕ್ಕಿದ ಬೆಳವಣಿಗೆ. 1950ರಿಂದ 2015ರವರೆಗೆ ತಯಾರಾದ ಒಟ್ಟು ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್ ಎಂದೂ, ಅದರಲ್ಲಿ ಅರ್ಧದಷ್ಟು ಕೊನೆಯ ಹದಿಮೂರು ವರ್ಷಗಳಲ್ಲಿಯೇ ತಯಾರಾಯಿತೆಂದೂ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2019ರ ಒಂದೇ ವರ್ಷದಲ್ಲಿ ಕಸವಾಗಿ ಬಿದ್ದದ್ದು ಸುಮಾರು 35 ಕೋಟಿ ಟನ್. ಅದರಲ್ಲಿ ಮತ್ತೆ ವಸ್ತುವಾಗಿ ಬಳಕೆಗೆ ಬಂದದ್ದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಭಾರತದಲ್ಲಿ ತಲೆಯೊಂದಕ್ಕೆ ಬಳಕೆಯಾಗುವ ಪ್ಲಾಸ್ಟಿಕ್ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಆದರೆ ತಲೆಗಳು ಬಹಳವಾಗಿರುವುದರಿಂದಲೂ, ಬಿದ್ದದ್ದನ್ನು ಎತ್ತುವ ಕೈಗಳು ಕಡಿಮೆಯಾಗಿರುವುದರಿಂದಲೂ ನಮ್ಮ ಊರುಗಳ ಅಂಚುಗಳು ಬೇಗನೆ ತುಂಬುತ್ತಿವೆ.

ಹಾಗೆಂದು ಪ್ಲಾಸ್ಟಿಕ್ಕನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಪೇಟೆಯ ಮನೆಗಳಲ್ಲಿ ಕುಳಿತು ಹಾಗೆ ಹಳಿಯುವವರು ಬೇಸಗೆಯಲ್ಲಿ ಒಮ್ಮೆ ಈ ಸೀಮೆಯ ಹಳ್ಳಿಗೆ ಬಂದು ನೀರು ಹೊರಬೇಕು. ಇಲ್ಲಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದರಿಂದ ಕುಡಿಯುವ ನೀರಿಗಾಗಿ ಹೆಂಗಸರು, ಮಕ್ಕಳು ದೂರ ನಡೆಯಬೇಕಾಗುತ್ತದೆ. ಹಿತ್ತಾಳೆಯ ಕೊಡ ನೀರಿಲ್ಲದೆಯೇ ಭಾರ; ಮಣ್ಣಿನ ಕೊಡ ಎಡವಿದರೆ ಚೂರು. ಪ್ಲಾಸ್ಟಿಕ್ ಬಿಂದಿಗೆ ಬಂದ ದಿನ ಆ ಹೆಂಗಸರ ಸೊಂಟದ ಮೇಲಿನ ಒಂದು ಹೊರೆ ಇಳಿಯಿತು. ಕೊಯಿದು ಹಾಕಿದ ನೆಲಗಡಲೆಯ ಮೇಲೆ ಅಕಾಲದ ಮಳೆ ಸುರಿದಾಗ ವರ್ಷದ ಅನ್ನವನ್ನು ಉಳಿಸುವುದು ನೀಲಿಯ ಪ್ಲಾಸ್ಟಿಕ್ ತಾಟು. ಇರುವ ಅಷ್ಟಿಷ್ಟು ನೀರನ್ನು ಗಿಡದ ಬೇರಿಗೇ ತೊಟ್ಟಿಕ್ಕಿಸುವುದು ಪ್ಲಾಸ್ಟಿಕ್ ಕೊಳವೆ. ಬಿಂದಿಗೆ ಹತ್ತು ವರ್ಷ ಬಾಳುತ್ತದೆ, ತಾಟು ನಾಲ್ಕೈದು ವರ್ಷ ಬಾಳುತ್ತದೆ. ಸಂತೆಯಿಂದ ಮನೆಯವರೆಗೆ ಅರ್ಧ ಗಂಟೆ ಬಾಳುವ ಚೀಲವನ್ನು ಇವುಗಳ ಸಾಲಿಗೆ ಸೇರಿಸಲಾಗದು. ಜಗತ್ತಿನ ಪ್ಲಾಸ್ಟಿಕ್ಕಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹೀಗೆ ಸುತ್ತಿ, ಕಟ್ಟಿ, ಬಿಚ್ಚಿ ಎಸೆಯುವುದಕ್ಕೇ ಹೋಗುತ್ತದೆ.

ಚಳ್ಳಕೆರೆಯ ಅಂಚಿನ ಒಂದು ಮನೆಯಲ್ಲಿ ಒಬ್ಬ ಮುದುಕಿ, ಅವಳ ಮೊಮ್ಮಗ, ಒಂದು ಹಸು ಇದ್ದರು. ಹಸುವಿನ ಹೆಸರು ಗೌರಿ. ಸಂತೆಯ ದಿನ ಮುಗಿದ ಮೇಲೆ ಮುದುಕಿ ಹಸುವನ್ನು ಬಿಚ್ಚಿಬಿಡುವಳು. ಉಳಿದ ಸೊಪ್ಪು, ಕೋಸಿನ ಎಲೆ, ಬಾಳೆಹಣ್ಣಿನ ಸಿಪ್ಪೆಗಳನ್ನು ಮೇಯ್ದು ಅದು ಕತ್ತಲಾಗುವುದರೊಳಗೆ ತಾನೇ ಮನೆಗೆ ಬರುವುದು. ಬಡವರ ಹಸು ಬದುಕುವುದು ಹೀಗೆ. ಒಂದು ವರ್ಷ ಅದು ಮೇವು ಬಿಟ್ಟಿತು. ಹಾಲು ಇಳಿಯಿತು, ಎಡಪಕ್ಕೆ ಉಬ್ಬಿತು, ಮೆಲುಕು ನಿಂತಿತು.

“ಅಜ್ಜೀ, ಗೌರಿ ಯಾಕೆ ಹಿಂಡಿ ಇಟ್ಟರೂ ಮೂಸಿ ನೋಡಲ್ಲ?” ಎಂದು ಹುಡುಗ ಕೇಳಿದನು.

“ಯಾರದೋ ಕಣ್ಣು ಬಿದ್ದೈತೆ ಕಣಪ್ಪ,” ಎಂದು ಅವಳು ಮೆಣಸಿನಕಾಯಿ ನೀವಾಳಿಸಿದಳು. ಒಂದು ವಾರ ಕಳೆದರೂ ಗುಣ ಕಾಣದಿದ್ದಾಗ ಪಶುವೈದ್ಯರನ್ನು ಕರೆಸಬೇಕಾಯಿತು.

ಹಸು ಮೇವನ್ನು ನಾಲಗೆಯಿಂದ ಸೆಳೆದು, ಹೆಚ್ಚು ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುವ ಪ್ರಾಣಿ. ಉಪ್ಪಿನ, ಅನ್ನದ ವಾಸನೆಯಿರುವ ಚೀಲವನ್ನು ಬಿಚ್ಚಿ ಒಳಗಿನದನ್ನು ಮಾತ್ರ ತಿನ್ನುವ ಉಪಾಯ ಅದಕ್ಕಿಲ್ಲ, ಚೀಲಸಹಿತ ನುಂಗುತ್ತದೆ. ನುಂಗಿದ ಚೀಲ ಮೊದಲನೆಯ ಹೊಟ್ಟೆಯಲ್ಲಿ ನಿಂತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ, ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಉಂಡೆಯಾಗುತ್ತದೆ. ಹೊಟ್ಟೆ ತುಂಬಿದೆಯೆಂದು ಹಸು ಭ್ರಮಿಸುತ್ತದೆ. ತುಂಬಿದ ಹೊಟ್ಟೆಯಲ್ಲಿಯೇ ಉಪವಾಸ ಬೀಳುತ್ತದೆ.

ವೈದ್ಯರು ಹಸುವನ್ನು ನಿಂತಂತೆಯೇ ಕಟ್ಟಿಸಿ, ಎಡಪಕ್ಕೆಗೆ ಮರವಳಿಕೆಯ ಚುಚ್ಚುಮದ್ದು ಕೊಟ್ಟು, ಹೊಟ್ಟೆಯನ್ನು ತೆರೆದು ಮೊಣಕೈಯವರೆಗೆ ಕೈ ಹಾಕಿ ಎಳೆಯತೊಡಗಿದರು. ಚೀಲ, ಚೀಲದ ಮೇಲೆ ಚೀಲ, ಹಾಲಿನ ಪೊಟ್ಟಣ, ಹುರಿ, ಒಂದು ಮಗುವಿನ ಚಪ್ಪಲಿಯ ಪಟ್ಟಿ. ಬುಟ್ಟಿ ತುಂಬಿ ಮತ್ತೊಂದು ಬುಟ್ಟಿಯನ್ನು ತರಬೇಕಾಯಿತು.

“ಅಮ್ಮಾ, ಇದನ್ನು ಬಿಟ್ಟು ಮೇಯಿಸುತ್ತೀರಾ?” ಎಂದರು ವೈದ್ಯರು.

“ಸಂತೆ ದಿವಸ ಬಿಡ್ತೀನಿ ಸ್ವಾಮಿ. ಸೊಪ್ಪುಸದೆ ತಿಂದ್ಕೊಂಡು ಬರ್ತೈತೆ. ಸಂತೇರು ಎಸೆದಿದ್ದನ್ನೆಲ್ಲ ತಿಂದೈತೆ ನೋಡಿ, ಆ ಪಾಪ ಅವರಿಗೇ...” ಎಂದವಳು ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು. ರಾಶಿಯಲ್ಲಿ ಒಂದು ನೀಲಿಯ ಚೀಲದ ಬಾಯಿಗೆ ಹರಿದ ಸೀರೆಯ ಕೆಂಪು ಅಂಚನ್ನು ಸುತ್ತಿ ಗಂಟು ಹಾಕಿದ್ದಿತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಮಿಕ್ಕ ಅನ್ನ, ಈರುಳ್ಳಿಯ ಸಿಪ್ಪೆ ಚೆಲ್ಲಾಪಿಲ್ಲಿಯಾಗದಿರಲೆಂದು ಹಾಗೆ ಕಟ್ಟಿ ಎಸೆಯುವುದು ಅವಳ ಪದ್ಧತಿ.

“ಈ ಗಂಟು ನಂದು,” ಎಂದಳು.

ವೈದ್ಯರು ಏನೂ ಹೇಳದೆ ಹೊಲಿಗೆ ಹಾಕುವುದರಲ್ಲಿ ತೊಡಗಿದರು. ಗೌರಿ ಬದುಕಿಕೊಂಡಿತು. ಮುದುಕಿ ಆ ಗಂಟನ್ನು ತೊಳೆದು ಕೊಟ್ಟಿಗೆಯ ಗೂಟಕ್ಕೆ ಕಟ್ಟಿದಳು. ಏಕೆಂದು ಮೊಮ್ಮಗ ಕೇಳಿದಾಗ ಉತ್ತರ ಕೊಡಲಿಲ್ಲ.

ಅವಳ ಸೀರೆಯ ಅಂಚು ನೂಲಿನದಾಗಿದ್ದರೆ ಹಸುವಿನ ಹೊಟ್ಟೆಯಲ್ಲಿ ಎಂದೋ ಕರಗಿಹೋಗುತ್ತಿತ್ತು. ಅದು ಪಾಲಿಯೆಸ್ಟರಿನದು. ಪಾಲಿಯೆಸ್ಟರ್ ಎಂಬುದೂ ಪ್ಲಾಸ್ಟಿಕ್ಕೇ, ದಾರದ ರೂಪವನ್ನು ತಾಳಿದ ಪ್ಲಾಸ್ಟಿಕ್. ಮೊಳಕಾಲ್ಮೂರಿನ ನೇಕಾರರಿಗೆ ಈ ಸಂಗತಿ ಯಾರೂ ಹೇಳಿಕೊಡಬೇಕಾದುದಲ್ಲ. ರೇಷ್ಮೆಯ ಎಳೆಗಳಲ್ಲಿ ಹೂ, ಹಣ್ಣು, ಹಕ್ಕಿಗಳ ಬುಟ್ಟಾಗಳನ್ನು ದಿನಗಟ್ಟಲೆ ಕುಳಿತು ಎತ್ತುವ ಅವರ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಮನ್ನಣೆ ದೊರೆತರೂ, ಯಂತ್ರದಲ್ಲಿ ಗಂಟೆಗಳೊಳಗೆ ಇಳಿದು ಬರುವ ಪಾಲಿಯೆಸ್ಟರ್ ಸೀರೆಯ ಬೆಲೆಯ ಮುಂದೆ ಕೈಮಗ್ಗ ಸೋಲುತ್ತದೆ. ಬಡವರಿಗೆ ಅಗ್ಗದ ಸೀರೆ ಬೇಕು. ನೇಕಾರನಿಗೆ ಅನ್ನ ಬೇಕು. ಇವೆರಡರ ನಡುವಿನ ತಕ್ಕಡಿ ಯಾವ ಕಡೆಗೆ ತೂಗಬೇಕೆಂದು ಹೇಳುವುದು ಸುಲಭವಲ್ಲ.

ಕಾಯಿದೆಗಳು ಬಾರದೆ ಇಲ್ಲ. 2016ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮುಂತಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ಇಡೀ ದೇಶದಲ್ಲಿ ನಿಷೇಧ ಜಾರಿಗೆ ಬಂದಿತು. ಅಧಿಕಾರಿಗಳು ಬಂದ ದಿನ ಸಂತೆಯಲ್ಲಿ ಕಾಗದದ ಪೊಟ್ಟಣ. ಹೋದ ಮರುದಿನ ತಟ್ಟಿನ ಕೆಳಗಿನಿಂದ ತೆಳ್ಳನೆಯ ಚೀಲ. ವ್ಯಾಪಾರಿಯನ್ನು ಕೇಳಿದರೆ, ಗಿರಾಕಿ ಬರಿಗೈಯಲ್ಲಿ ಬರುತ್ತಾನೆಂದು ಹೇಳುತ್ತಾನೆ. ಗಿರಾಕಿಯನ್ನು ಕೇಳಿದರೆ, ಅಂಗಡಿಯಲ್ಲಿ ಹೇಗೂ ಕೊಡುತ್ತಾರಲ್ಲ ಎನ್ನುತ್ತಾನೆ. ರಾಷ್ಟ್ರಗಳ ವರ್ತನೆಯೂ ಇದಕ್ಕಿಂತ ಭಿನ್ನವಾಗಿಲ್ಲ. ಪ್ಲಾಸ್ಟಿಕ್ ಮಾಲಿನ್ಯವನ್ನು ತಡೆಯಲು ಒಪ್ಪಂದವೊಂದನ್ನು ರಚಿಸಬೇಕೆಂದು 2022ರಲ್ಲಿ ನೈರೋಬಿಯಲ್ಲಿ ನಿರ್ಣಯವಾಯಿತು. 2024ರ ಕೊನೆಯಲ್ಲಿ ಕೊರಿಯದ ಬೂಸಾನಿನಲ್ಲಿಯೂ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿಯೂ ಸೇರಿದ ಸಭೆಗಳು ಒಮ್ಮತಕ್ಕೆ ಬಾರದೆ ಮುಗಿದವು. ತಯಾರಿಕೆಯನ್ನೇ ತಗ್ಗಿಸಬೇಕೆಂದು ಕೆಲವು ರಾಷ್ಟ್ರಗಳು. ಕಸವನ್ನು ನಿರ್ವಹಿಸಿದರೆ ಸಾಕೆಂದು ತೈಲವುಳ್ಳ ರಾಷ್ಟ್ರಗಳು.

ಸುಟ್ಟರಾಗದೆ? ಎಂದು ಕೆಲವರು ಕೇಳುವುದುಂಟು. ಸಂಜೆಯ ಹೊತ್ತು ಬೀದಿಯ ಮೂಲೆಯಲ್ಲಿ ಹಾಗೆ ಸುಡುವುದನ್ನು ಎಲ್ಲರೂ ಕಂಡಿದ್ದಾರೆ. ಆ ಹೊಗೆಯಲ್ಲಿರುವ ವಿಷಾನಿಲಗಳು ಸುಟ್ಟವರ ಮನೆಯ ಕಿಟಕಿಯಿಂದಲೇ ಮೊದಲು ಒಳಗೆ ಬರುತ್ತವೆ. ಹೂಳಿದರೋ? ಮಣ್ಣಿನ ಸೂಕ್ಷ್ಮಜೀವಿಗಳು ಎಲೆಯನ್ನು, ಉಣ್ಣೆಯನ್ನು, ಮೂಳೆಯನ್ನೂ ಕರಗಿಸಬಲ್ಲವು. ಪಾಲಿಥೀನಿನ ನೀಳವಾದ ಅಣುಸರಪಳಿಯನ್ನು ಕಡಿಯುವ ಸಾಮರ್ಥ್ಯ ಅವುಗಳಿಗೆ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿಗೆ ಬಿದ್ದ ಚೀಲ ಪುಡಿಯಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಪುಡಿಯನ್ನು ವಿಜ್ಞಾನಿಗಳು ಸಾಗರದ ಆಳದಲ್ಲಿಯೂ, ಮನುಷ್ಯನ ರಕ್ತದಲ್ಲಿಯೂ ಕಂಡಿದ್ದಾರೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿಯಿದೆ. ಅಶೋಕ ಚಕ್ರವರ್ತಿಯ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಕೆತ್ತಿದ ಚಪಡನೆಂಬ ಲಿಪಿಕಾರ ತನ್ನ ಕಸಬಿನ ಮಾತನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ತನ್ನ ವಿದ್ಯೆಯನ್ನು ತೋರಿಸುವ ಆಸೆ ಅವನಿಗೂ ಇದ್ದಿತು. ಅದೇ ಬೆಟ್ಟದ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದನು. ಕಲ್ಲಿನ ಕೊಡಲಿಗಳ ಕಾಲದ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅವರ ಮೇಲೆ ಸಾತವಾಹನರ ಕಾಲದ ಜನ, ಹೀಗೆ ಮೂರು ಸ್ತರಗಳು ಅಲ್ಲಿ ಕಂಡುಬಂದವು. ಆ ಜನರ ಬಟ್ಟೆ, ಚಾಪೆ, ಗುಡಿಸಲಿನ ಹೊದಿಕೆ ಯಾವುದೂ ಉಳಿದಿರಲಿಲ್ಲ. ಉಳಿದದ್ದು ಮುಖ್ಯವಾಗಿ ಮಡಕೆಯ ಚೂರುಗಳು. ಅವುಗಳ ಕಾಲವನ್ನು ಗೊತ್ತು ಮಾಡಲು ವ್ಹೀಲರ್ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ನರ ಮಡಕೆಗಳೊಡನೆ ದೊರೆತಿದ್ದ ಚೂರುಗಳನ್ನು ಇವುಗಳೊಡನೆ ಹೋಲಿಸಿ ನೋಡಬೇಕಾಯಿತು.

ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಹೋದ ಸಂಜೆ ಆ ತಪ್ಪಲಿನಲ್ಲಿ ಬಿಸ್ಕತ್ತಿನ ಪೊಟ್ಟಣಗಳು, ನೀರಿನ ಬಾಟಲಿಗಳು ಬಿದ್ದಿರುತ್ತವೆ. ಮುಂದೊಮ್ಮೆ ಇಲ್ಲಿ ಅಗೆಯುವವರು ನಮ್ಮ ಸ್ತರದ ಕಾಲವನ್ನು ಕಂಡುಹಿಡಿಯಲು ಯಾವ ಚೂರನ್ನೂ ಯಾವುದರೊಡನೆಯೂ ಹೋಲಿಸಬೇಕಾಗಿಲ್ಲ. ತಯಾರಾದ ತಿಂಗಳು, ವರ್ಷ, ಬೆಲೆ ಎಲ್ಲವೂ ಅದರ ಬೆನ್ನಿನ ಮೇಲೆಯೇ ಅಚ್ಚಾಗಿವೆ.