ಮುಖಕ್ಕೆ ಆಸಿಡ್ಡಾ?

ಫಸ್ಟ್ ಪಿಯುಸಿಗೆ ಸೇರಿದ ದಿನ ನನ್ನ ಗದ್ದದ ಮೇಲೆ ಎರಡೇ ಎರಡು ಮೊಡವೆಗಳಿದ್ದವು. ದಸರಾ ರಜೆ ಮುಗಿಯುವ ಹೊತ್ತಿಗೆ ಅವು ಕೆನ್ನೆ, ಹಣೆಯನ್ನೆಲ್ಲ ತುಂಬಿಕೊಂಡಿದ್ದವು. ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಿದ್ದರು. ಒಬ್ಬರು ಮುಲ್ತಾನಿ ಮಿಟ್ಟಿ ಅಂದರೆ ಇನ್ನೊಬ್ಬರು ಟೂತ್‌ಪೇಸ್ಟ್ ಅಂದರು. ಮತ್ತೊಬ್ಬರು ನಿಂಬೆರಸ ಹಚ್ಚಿ ಬಿಸಿಲಿಗೆ ನಿಲ್ಲಲು ಹೇಳಿದರು. ದಾದಿ ಮಾತ್ರ, "ಅದು ವಯಸ್ಸಿನ ಗುಣ, ಕೈ ಹಾಕಿ ಕೆರೆಯಬೇಡ" ಎನ್ನುತ್ತಿದ್ದರು. ಈಗ ಯೋಚಿಸಿದರೆ ಅಷ್ಟು ಜನರಲ್ಲಿ ದಾದಿಯ ಮಾತೇ ಡಾಕ್ಟರ ಮಾತಿಗೆ ಹತ್ತಿರವಾಗಿತ್ತು. ಆದರೆ ಹದಿನಾರನೇ ವಯಸ್ಸಿನಲ್ಲಿ ದಾದಿಯ ಮಾತು ಯಾರು ಕೇಳುತ್ತಾರೆ?

ಆ ವರ್ಷವೇ ಮಾಮುವಿನ ಮಗಳ ನಿಕಾಹ್ ಇತ್ತು. ನಮ್ಮ ಓಣಿಯ ಮೆಡಿಕಲ್ ಶಾಪಿನಲ್ಲಿ ಒಂದು ಚಿಕ್ಕ ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ, ನಾನೂ ಏನೆಂದು ಕೇಳಲಿಲ್ಲ. ಹಚ್ಚಿದ ನಾಲ್ಕೇ ದಿನಕ್ಕೆ ಮೊಡವೆಗಳು ಕುಗ್ಗಿದವು, ಮುಖ ಹೊಳೆಯಿತು. ಮದುವೆ ಮನೆಯಲ್ಲಿ ಎಲ್ಲರೂ "ಮಾಶಾ ಅಲ್ಲಾಹ್" ಎಂದರು. ತಿಂಗಳು ಕಳೆಯಿತು. ಬಿಸಿಲಿಗೆ ಹೋದರೆ ಮುಖ ಉರಿಯತೊಡಗಿತು, ಚರ್ಮ ತೆಳ್ಳಗಾಗಿ ಕೆಂಪು ಗೆರೆಗಳು ಕಂಡವು. ಒಂದು ದಿನ ಕ್ರೀಮ್ ಬಿಟ್ಟರೆ ಹಿಂದಿಗಿಂತ ಎರಡು ಪಟ್ಟು ಗುಳ್ಳೆಗಳು ಏಳುತ್ತಿದ್ದವು, ಮತ್ತೆ ಹಚ್ಚಿದರೆ ತಣ್ಣಗಾಗುತ್ತಿದ್ದವು. ನಾನು ಆ ಟ್ಯೂಬಿಗೆ ಗುಲಾಮಳಾಗಿದ್ದೆ.

ಕಾಲೇಜಿಗೆ ಮಾಸ್ಕ್ ಹಾಕಿಕೊಂಡು ಬರತೊಡಗಿದೆ. ಗೆಳತಿಯರಿಗೆ ಧೂಳಿನ ಅಲರ್ಜಿ ಎಂದೆ. ವಾರ್ಷಿಕೋತ್ಸವಕ್ಕೆ ಕನ್ನಡ ಮೇಡಂ ನನ್ನನ್ನು ಕರೆದು, "ನಿರೂಪಣೆ ನೀನೇ ಮಾಡಬೇಕು" ಎಂದರು. ಹೈಸ್ಕೂಲಿನಲ್ಲಿ ಮೈಕ್ ಬಿಟ್ಟುಕೊಡದ ಹುಡುಗಿ ನಾನು. ಆದರೆ ವೇದಿಕೆಯ ಮೇಲೆ ಮಾಸ್ಕ್ ಹಾಕಿಕೊಂಡು ಮಾತಾಡಲು ಆಗುತ್ತದೆಯೇ? ಗಂಟಲು ನೋವೆಂದು ಸುಳ್ಳು ಹೇಳಿದೆ. ಆ ದಿನ ಸಭೆಯಲ್ಲಿ ಕೂತು, ನಾನೇ ಬರೆದುಕೊಟ್ಟ ಸಾಲುಗಳನ್ನು ಬೇರೊಬ್ಬಳ ಬಾಯಲ್ಲಿ ಕೇಳಿದೆ. ಅವಳು ಚೆನ್ನಾಗಿಯೇ ಓದಿದಳು. ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ಆ ರಜೆಯಲ್ಲಿ ಖಾಲಾನ ಮಗಳು ಬೆಂಗಳೂರಿನಿಂದ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ನನ್ನ ಮುಖ ನೋಡಿದವಳೇ ಟ್ಯೂಬ್ ತರಿಸಿ, ಹಿಂದೆ ಬರೆದಿದ್ದನ್ನು ಓದಿ ತಲೆ ಚಚ್ಚಿಕೊಂಡಳು. "ಇದರಲ್ಲಿ ಸ್ಟಿರಾಯ್ಡ್ ಇದೆ ಕಣೇ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗು" ಎಂದಳು. ಆಮೇಲೆ ತನ್ನ ಬ್ಯಾಗಿನಿಂದ ಒಂದು ಬಿಳಿ ಬಾಟಲಿ ತೆಗೆದು, "ಉರಿ ಕಡಿಮೆಯಾಗಲು ಇದನ್ನು ಸಿಂಪಡಿಸಿಕೋ" ಎಂದು ಕೊಟ್ಟಳು. ಆಪಾ ಎರಡು ಮಾತು ಹೇಳಿದ್ದಳು. ನಾನು ಎರಡನೆಯದನ್ನು ಮಾತ್ರ ಕೇಳಿಸಿಕೊಂಡೆ.

ಬಾಟಲಿಯ ಮೇಲೆ 'ಹೈಪೋಕ್ಲೋರಸ್ ಆಸಿಡ್' ಎಂದು ಬರೆದಿತ್ತು. ಅಮ್ಮಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಾರೆ. ಓದಿದ ಕೂಡಲೇ ಬಾಟಲಿ ಕಿತ್ತುಕೊಂಡು ಅಲಮಾರದಲ್ಲಿಟ್ಟು ಬೀಗ ಹಾಕಿದರು. "ಮುಖಕ್ಕೆ ಆಸಿಡ್ಡಾ? ಹುಡುಗಿಯರ ಮುಖಕ್ಕೆ ಆಸಿಡ್ ಎರಚಿದ ಸುದ್ದಿ ಪೇಪರಿನಲ್ಲಿ ನೋಡಿಲ್ಲವಾ?" ಎಂದು ಕೂಗಾಡಿದರು. ಅವರ ಕೈ ನಡುಗುತ್ತಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅಮ್ಮಿಯನ್ನು ಒಪ್ಪಿಸಲು ನಾನು ತೆರೆದದ್ದು ಫಸ್ಟ್ ಪಿಯು ಕೆಮಿಸ್ಟ್ರಿ ಪುಸ್ತಕವನ್ನು. ಅಯಾನಿಕ್ ಸಮತೋಲನದ ಪಾಠದಲ್ಲಿ ದುರ್ಬಲ ಆಮ್ಲಗಳ ಒಂದು ಪಟ್ಟಿ ಇದೆ. ಪರೀಕ್ಷೆಗೆಂದು ನಾವೆಲ್ಲ ಕಣ್ಣಾಡಿಸಿ ಮರೆತ ಪಟ್ಟಿ ಅದು. ಅದರಲ್ಲಿ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಅಯಾನೀಕರಣ ಸ್ಥಿರಾಂಕ 1.74×10⁻⁵ ಎಂದಿದೆ. ಹೈಪೋಕ್ಲೋರಸ್ ಆಮ್ಲದ್ದು 3.0×10⁻⁸. ಭಾಗಿಸಿ ನೋಡಿ, ಆಮ್ಲವಾಗಿ ಇದು ಅಸಿಟಿಕ್ ಆಮ್ಲಕ್ಕಿಂತ ಐನೂರು ಪಟ್ಟಿಗೂ ಹೆಚ್ಚು ದುರ್ಬಲ. ಮುಖಕ್ಕೆ ಸಿಂಪಡಿಸುವ ಬಾಟಲಿಯಲ್ಲಿ ಅದೂ ಸಾಮಾನ್ಯವಾಗಿ ಶೇಕಡಾ 0.01ರ ಆಸುಪಾಸಿನಲ್ಲಿರುತ್ತದೆ, ಉಳಿದದ್ದು ನೀರು ಮತ್ತು ಚೂರು ಉಪ್ಪು. ಆಸಿಡ್ ದಾಳಿಯ ಸುದ್ದಿಗಳಲ್ಲಿ ಬರುವ ಸಲ್ಫ್ಯೂರಿಕ್ ಆಮ್ಲಕ್ಕೂ ಇದಕ್ಕೂ ಹೆಸರು ಬಿಟ್ಟರೆ ಹೋಲಿಕೆಯೇ ಇಲ್ಲ. "ಅಮ್ಮಿ, ಸಾರಿಗೆ ಹಾಕುವ ಹುಣಸೆಹಣ್ಣಿನಲ್ಲೂ ಆಸಿಡ್ ಇದೆ" ಎಂದೆ. ಅಮ್ಮಿ ಪಟ್ಟಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಸಂಜೆ ಬಾಟಲಿ ತೆಗೆದು ಮೊದಲು ತಮ್ಮ ಅಂಗೈ ಹಿಂಬದಿಗೆ ಸಿಂಪಡಿಸಿಕೊಂಡು ಒಂದು ಗಂಟೆ ಕಾದರು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ನನಗೆ ಕೊಟ್ಟರು. ಹೊಸದೇನನ್ನಾದರೂ ಹಚ್ಚುವ ಮೊದಲು ಕೈಯ ಮೇಲೆ ಪರೀಕ್ಷಿಸಿ ನೋಡಬೇಕೆಂದು ಆಮೇಲೆ ಓದಿದೆ. ಅಮ್ಮಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಆಮ್ಲ ನಮಗೆ ಹೊಸದೇನಲ್ಲ ಎಂಬುದು ಬಯಾಲಜಿ ಸರ್ ಹೇಳಿದ ಮೇಲೆ ತಿಳಿಯಿತು. ನಮ್ಮ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯಿದೆಯಲ್ಲ, ಅವು ಬ್ಯಾಕ್ಟೀರಿಯಾವನ್ನು ನುಂಗಿದ ಮೇಲೆ ಕೊಲ್ಲುವುದಕ್ಕಾಗಿ ಒಳಗೇ ಹೈಪೋಕ್ಲೋರಸ್ ಆಮ್ಲವನ್ನು ತಯಾರಿಸುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ದೇಹದ ಉಪ್ಪಿನಲ್ಲಿರುವ ಕ್ಲೋರೈಡ್ ಇದಕ್ಕೆ ಸಾಮಗ್ರಿ. ಕೆಲಸ ಮಾಡಿಸುವ ಕಿಣ್ವದ ಹೆಸರು ಮೈಲೋಪೆರಾಕ್ಸಿಡೇಸ್. ಅದರ ಬಣ್ಣ ಹಸಿರು. ಕೀವು ಕೆಲವೊಮ್ಮೆ ಹಸಿರಾಗಿ ಕಾಣುವುದಕ್ಕೆ ಅದೇ ಕಾರಣ. ನಾನು ಕನ್ನಡಿಯಲ್ಲಿ ನೋಡಿ ಅಸಹ್ಯಪಟ್ಟುಕೊಂಡಿದ್ದ ಕೀವು, ನನ್ನ ಪರವಾಗಿ ಹೋರಾಡಿ ಸತ್ತ ಕಣಗಳ ಗುರುತು ಎಂದು ತಿಳಿದಾಗ ಸ್ವಲ್ಪ ನಾಚಿಕೆಯಾಯಿತು. ಸುಬ್‌ಹಾನಲ್ಲಾಹ್, ಬಾಟಲಿಯಲ್ಲಿ ಕೊಳ್ಳುವುದನ್ನು ಅಲ್ಲಾಹನು ರಕ್ತದಲ್ಲೇ ಇಟ್ಟಿದ್ದಾನೆ.

ಬಾಟಲಿಯದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ತಯಾರಿಸಿದ್ದು. ಬೆಳಕು ಬಿದ್ದರೆ ಅದು ಬೇಗ ಒಡೆಯುತ್ತದೆ. ಅದಕ್ಕೇ ಬಾಟಲಿ ಒಳಗಿರುವುದು ಕಾಣದಂತೆ ಬಿಳಿಯಾಗಿರುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಕೊನೆಗೆ ಉಳಿಯುವುದು ಬರೀ ಉಪ್ಪುನೀರು. ವುಝೂ ಮಾಡಿ ಮುಖ ಒರೆಸಿಕೊಂಡ ಮೇಲೆ ಕಣ್ಣು ಮುಚ್ಚಿ ಎರಡು ಸಲ ಸಿಂಪಡಿಸಿಕೊಳ್ಳುತ್ತಿದ್ದೆ. ಈಜುಕೊಳದ ಹತ್ತಿರ ನಿಂತಂತೆ ಒಂದು ಕ್ಷಣ ವಾಸನೆ ಬರುತ್ತಿತ್ತು. ಅದು ಸಹಜವೇ, ಈಜುಕೊಳಕ್ಕೂ ನಲ್ಲಿ ನೀರಿಗೂ ಕ್ಲೋರಿನ್ ಬೆರೆಸಿದಾಗ ಉಂಟಾಗಿ ಕ್ರಿಮಿಗಳನ್ನು ಕೊಲ್ಲುವುದು ಇದೇ ಆಮ್ಲ. ಒಣಗಿದ ಮೇಲೆ ಚರ್ಮದ ಮೇಲೆ ಪದರವೇನೂ ಉಳಿಯುತ್ತಿರಲಿಲ್ಲ, ಹಾಗಾಗಿ ಮುಂದಿನ ವುಝೂವಿಗೆ ಅಡ್ಡಿಯಿಲ್ಲ. "ಇದನ್ನೇ ಐದು ಹೊತ್ತು ಸಿಂಪಡಿಸಿಕೊಂಡರೆ ವುಝೂ ಆಗಲ್ವಾ?" ಎಂದು ತಮ್ಮ ಕೇಳಿ ಅಬ್ಬಾರಿಂದ ಬೈಸಿಕೊಂಡ.

ಉರಿ ನಿಜವಾಗಿ ಕಡಿಮೆಯಾಯಿತು. ಆದರೆ ಮೊಡವೆ ಹೋಗಲಿಲ್ಲ, ಏಕೆಂದರೆ ಕದ್ದುಮುಚ್ಚಿ ಆ ಟ್ಯೂಬನ್ನೂ ಹಚ್ಚುತ್ತಲೇ ಇದ್ದೆ. ಎರಡು ತಿಂಗಳಲ್ಲಿ ಬಾಟಲಿ ಖಾಲಿಯಾಯಿತು. ಬೆಲೆ ನೋಡಿ ಅಬ್ಬಾರ ಮುಂದೆ ಕೇಳಲು ಬಾಯಿ ಬರಲಿಲ್ಲ. ಆಗ ನನ್ನ ಅರ್ಧ ಕೆಮಿಸ್ಟ್ರಿ ತಲೆ ಎತ್ತಿತು. ಬಟ್ಟೆ ಬಿಳಿ ಮಾಡುವ ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಒಂದಿಷ್ಟು ಆಮ್ಲ ಸೇರಿಸಿ ಪಿಎಚ್ ಇಳಿಸಿದರೆ ಹೈಪೋಕ್ಲೋರಸ್ ಆಮ್ಲ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಒಂದು ಮಧ್ಯಾಹ್ನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬ್ಲೀಚಿಗೆ ವಿನೆಗರ್ ಸುರಿದೆ.

ಮೂಗಿಗೆ ಯಾರೋ ಮೆಣಸಿನಪುಡಿ ತುಂಬಿದಂತಾಯಿತು. ಕಣ್ಣಲ್ಲಿ ನೀರು, ಎದೆಯಲ್ಲಿ ಉರಿ, ಉಸಿರೆಳೆದರೆ ಕೆಮ್ಮು. ಚಿಲಕ ಕೈಗೆ ಸಿಗಲಿಲ್ಲ. ನನ್ನ ಕೆಮ್ಮು ಕೇಳಿ ಓಡಿ ಬಂದ ಅಮ್ಮಿ ಹೊರಗಿನಿಂದ ಬಾಗಿಲು ತಳ್ಳಿ ನನ್ನನ್ನು ಅಂಗಳಕ್ಕೆ ಎಳೆದು ತಂದರು. ಅಬ್ಬಾ ಅಂಗಡಿ ಮುಚ್ಚಿ ಬಂದು ಆಸ್ಪತ್ರೆಗೆ ಕರೆದೊಯ್ದರು. ಆಟೋದಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಎದೆ ಪರೀಕ್ಷಿಸಿ, ಕೆಲವು ಗಂಟೆ ಇರಿಸಿಕೊಂಡರು. ಹೋಗುವಾಗ ಟಾರ್ಚ್ ಹಿಡಿದು ನನ್ನ ಮುಖ ನೋಡಿ, "ಇದಕ್ಕಾಗಿಯಾ ಇಷ್ಟೆಲ್ಲ?" ಎಂದು ಕೇಳಿದರು. ಮರುದಿನವೇ ಚರ್ಮದ ಓಪಿಡಿಗೆ ಚೀಟಿ ಬರೆದುಕೊಟ್ಟರು. ಆಪಾ ಹೇಳಿದ ಮೊದಲ ಮಾತನ್ನು ಪಾಲಿಸಲು ನನಗೆ ಮೂರು ತಿಂಗಳು ಮತ್ತು ಒಂದು ಅಪಘಾತ ಬೇಕಾಯಿತು.

ಚರ್ಮದ ಡಾಕ್ಟರ್ ಮೇಡಂ ಬೈಯಲಿಲ್ಲ. "ಇಂಥ ಮುಖ ದಿನಕ್ಕೆ ಎಷ್ಟೋ ನೋಡ್ತೀನಮ್ಮ" ಎಂದರು. ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆಯಂತೆ. ಒಮ್ಮೆಲೇ ಬಿಟ್ಟರೆ ಮುಖ ಕೆರಳುತ್ತದೆ, ಹಾಗಾಗಿ ಹೇಗೆ ಬಿಡಬೇಕೆಂದು ವಿವರಿಸಿ ಬರೆದುಕೊಟ್ಟರು. ಮೊಡವೆ ಏಕೆ ಬರುತ್ತದೆಂದೂ ಹೇಳಿದರು. ಈ ವಯಸ್ಸಿನ ಹಾರ್ಮೋನುಗಳಿಂದ ಚರ್ಮದ ಎಣ್ಣೆ ಹೆಚ್ಚುತ್ತದೆ, ಸತ್ತ ಕೋಶಗಳು ರಂಧ್ರ ಮುಚ್ಚುತ್ತವೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊತವಾಗುತ್ತದೆ. ನಾನು ಅಂಜುತ್ತಲೇ ಸಿಂಪಡಿಸುವ ಬಾಟಲಿಯ ಬಗ್ಗೆ ಕೇಳಿದೆ. ಅವರು ನಕ್ಕು, "ಒಳ್ಳೆ ಕಂಪನಿಯದ್ದಾದರೆ ತೊಂದರೆಯಿಲ್ಲ. ಮೇಲಿನ ಕ್ರಿಮಿ ಕಡಿಮೆ ಮಾಡುತ್ತೆ, ಉರಿ ತಣಿಸುತ್ತೆ. ಆದರೆ ಮುಚ್ಚಿದ ರಂಧ್ರ ಅದರಿಂದ ತೆರೆಯಲ್ಲ. ಅದು ಸಹಾಯಕ್ಕೆ ಬಂದ ನೆಂಟ, ಮನೆ ನಡೆಸುವ ಯಜಮಾನ ಅಲ್ಲ" ಎಂದರು. ರಾತ್ರಿಗೆ ಹಚ್ಚಲು ಬೆಂಜಾಯಿಲ್ ಪೆರಾಕ್ಸೈಡ್ ಬರೆದರು. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ ಎಂದು ಎಚ್ಚರಿಸಿದ್ದರು. ನನ್ನ ಕಪ್ಪು ಸ್ಕಾರ್ಫಿನ ಅಂಚು ಈಗ ಕಿತ್ತಳೆ ಬಣ್ಣಕ್ಕೆ ತಿರುಗಿದೆ.

ಕಾಲೇಜಿಗೆ ಮರಳಿದ ಮೇಲೆ ಕೆಮಿಸ್ಟ್ರಿ ಮೇಡಂಗೆ ನಡೆದದ್ದನ್ನು ಹೇಳಿದೆ. ಲ್ಯಾಬಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅವರು ಬೋರ್ಡಿನ ಮೇಲೆ ಬರೆದದ್ದು ಒಂದೇ ಇಸವಿ: 1915. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು, ಕಂದಕಗಳಲ್ಲಿದ್ದ ಸೈನಿಕರು ಉಸಿರುಗಟ್ಟಿ ಸತ್ತರು. ಅದೇ ವರ್ಷ, ಅದೇ ಯುದ್ಧದಲ್ಲಿ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞ ಸೋಡಿಯಂ ಹೈಪೋಕ್ಲೋರೈಟನ್ನು ಸುಮಾರು ಅರ್ಧ ಶೇಕಡಾಕ್ಕೆ ತೆಳುವಾಗಿಸಿ, ಅದರ ಪ್ರಮಾಣವನ್ನು ಜಾಗ್ರತೆಯಿಂದ ಹೊಂದಿಸಿ ಕೊಳೆತ ಗಾಯ ತೊಳೆಯುವ ದ್ರಾವಣ ಮಾಡಿದರು. ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಅದನ್ನು ಸೈನಿಕರ ಗಾಯಗಳಿಗೆ ಬಳಸಿದರು. "ಒಂದೇ ಕ್ಲೋರಿನ್. ಒಂದು ಕಡೆ ಕೊಂದಿತು, ಇನ್ನೊಂದು ಕಡೆ ಉಳಿಸಿತು. ನಡುವೆ ಇರುವುದು ಅಳತೆ" ಎಂದರು ಮೇಡಂ. ನಾನು ಬಚ್ಚಲಿನಲ್ಲಿ ಪಿಎಚ್ ಇಳಿಸಹೊರಟು, ಅದು ಇನ್ನೂ ಕೆಳಗಿಳಿದರೆ ಹೈಪೋಕ್ಲೋರಸ್ ಆಮ್ಲದಿಂದ ಕ್ಲೋರಿನ್ ಅನಿಲವೇ ಹೊರಡುತ್ತದೆ ಎಂಬ ಮುಂದಿನ ಸಾಲನ್ನು ಮರೆತಿದ್ದೆ. ಮಾರ್ಕ್ಸ್ ಹೋಗಿದ್ದರೆ ಪರವಾಗಿರಲಿಲ್ಲ, ಜೀವ ಹೋಗುತ್ತಿತ್ತು. ಬ್ಲೀಚಿಗೆ ವಿನೆಗರ್, ನಿಂಬೆರಸ, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಬೆರೆಸಬಾರದೆಂದು ನಿಮ್ಮ ಮನೆಯಲ್ಲೂ ಇವತ್ತೇ ಹೇಳಿ.

ಈಗ ನನ್ನ ದಿನಚರಿ ಸರಳವಾಗಿದೆ. ಬೆಳಿಗ್ಗೆ ಮೃದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಹೊರಡುವ ಮೊದಲು ಸನ್‌ಸ್ಕ್ರೀನ್. ರಾತ್ರಿ ಡಾಕ್ಟರ್ ಕೊಟ್ಟದ್ದು. ಆಪಾ ಕಳಿಸಿದ ಹೊಸ ಬಾಟಲಿ ಕಾಲೇಜ್ ಬ್ಯಾಗಿನಲ್ಲಿದೆ. ಆಟದ ಪೀರಿಯಡ್ ಮುಗಿಸಿ ಬೆವರು ತೊಳೆದ ಮೇಲೆ ಎರಡು ಸಲ ಸಿಂಪಡಿಸಿ, ತಾನಾಗಿ ಒಣಗಲು ಬಿಡುತ್ತೇನೆ. ವಿಟಮಿನ್ ಸಿ ಸೀರಮ್ ಬಳಸುವ ಗೆಳತಿಯರು ಅದರ ಜೊತೆಗೇ ಇದನ್ನು ಸಿಂಪಡಿಸಬಾರದು, ಎರಡೂ ಒಂದನ್ನೊಂದು ಕೆಡಿಸುತ್ತವೆ. ಸ್ಟಿರಾಯ್ಡ್ ಬಿಟ್ಟ ಮೊದಲ ತಿಂಗಳು ಮುಖ ಭಯಂಕರವಾಗಿತ್ತು. ಆ ತಿಂಗಳು ಅಮ್ಮಿ ಮನೆಯ ಕನ್ನಡಿಯ ಮೇಲೆ ಟವೆಲ್ ಹಾಕಿಟ್ಟಿದ್ದರು.

ಕಲೆಗಳು ಇನ್ನೂ ಇವೆ. ತಿಂಗಳಿಗೆ ಒಂದೆರಡು ಮೊಡವೆ ಬಂದೇ ಬರುತ್ತವೆ. ಹೋದ ವಾರ ಕನ್ನಡ ಮೇಡಂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಿಸಿ, "ಗಂಟಲು ಸರಿಹೋಯಿತಾ?" ಎಂದು ಕೇಳಿದರು. ಅವರಿಗೆ ಅವತ್ತೇ ಗೊತ್ತಿತ್ತೇನೋ. "ಸರಿಹೋಗಿದೆ ಮೇಡಂ" ಎಂದೆ. ಈ ವರ್ಷದ ನಿರೂಪಣೆಗೆ ಹೆಸರು ಕೊಟ್ಟಿದ್ದೇನೆ. ಅಷ್ಟರೊಳಗೆ ಮುಖ ಪೂರ್ತಿ ತಿಳಿಯಾಗಲಿಕ್ಕಿಲ್ಲ. ಮಾಸ್ಕ್ ಮಾತ್ರ ಹಾಕುವುದಿಲ್ಲ, ಇನ್‌ಶಾ ಅಲ್ಲಾಹ್.