ಮನೆಬಂಡಿಗೆ ಮಜಲು

ಪ್ರಯಾಣಕ್ಕೆ ಹೊರಡುವವನು ಮುಂದಾಗಿ ಏನೇನನ್ನು ವಿಚಾರಿಸಿಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರು ಬಹಳವಾಗಿ ಹೇಳಿರುವರು. ತಿಥಿ ವಾರ ನಕ್ಷತ್ರಗಳು, ವಾರಶೂಲೆ, ಎದುರಿಗೆ ಬರುವ ಶಕುನ, ಬುತ್ತಿಯ ಗಂಟು, ನೀರಿನ ತಂಬಿಗೆ, ಇರುಳು ತಂಗುವ ಛತ್ರ, ಇವೆಲ್ಲವೂ ಆ ಪಟ್ಟಿಯಲ್ಲಿ ಸೇರಿರುವುವು. ಉಂಡ ಅನ್ನವು ಮರುದಿನ ಬೆಳಗ್ಗೆ ಎಲ್ಲಿಗೆ ಹೋಗತಕ್ಕದ್ದೆಂಬ ಬಾಬು ಮಾತ್ರ ಅದರಲ್ಲಿ ಕಾಣದು. ಊರ ಹೊರಗೆ ಬಯಲು ಧಾರಾಳವಾಗಿತ್ತು, ಜನರು ವಿರಳವಾಗಿದ್ದರು. ಆದುದರಿಂದ ಆ ಮಾತನ್ನು ಯಾರೂ ಎತ್ತಲಿಲ್ಲ. ಈಚೆಗೆ ನಮ್ಮ ಮನೆಯವರ ಒಂದು ಯಾತ್ರೆಗಾಗಿ ನಾನು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ಅದೇ ಮಾತನ್ನು ಎತ್ತಿಕೊಂಡು ಮೂರು ದಿನ ತಿರುಗಬೇಕಾಯಿತು. ವಿಷಯವು ಊಟದ ಹೊತ್ತಿನಲ್ಲಿ ಆಡತಕ್ಕದ್ದಲ್ಲ. ವಾಚಕರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡ ಮೇಲೆ ಓದಬಹುದು.

ನನ್ನ ಅಕ್ಕನಿಗೆ ಈಗ 79 ವರ್ಷ. ಹುಟ್ಟಿದ್ದು ಅಜ್ಜಂಪುರದಲ್ಲಿ, ಕೊಟ್ಟದ್ದು ಬೆಂಗಳೂರಿಗೆ. ತೌರಿಗೆ ಬರುವಾಗಲೆಲ್ಲ ಆಕೆ ಹಿಂದಿನ ರಾತ್ರಿಯಿಂದಲೇ ನೀರು ಮುಟ್ಟುತ್ತಿರಲಿಲ್ಲ. ಬಸ್ಸು ನಿಂತಲ್ಲೆಲ್ಲ ಗಂಡಸರು ಗೋಡೆಯ ಮರೆಗೆ ಹೋಗಿ ಬರುವರು; ಹೆಂಗಸರು ಕಿಟಕಿಯಿಂದಾಚೆ ನೋಡುತ್ತ ಕುಳಿತಿರುವರು. ನಿರ್ಜಲೈಕಾದಶಿಯು ವರ್ಷಕ್ಕೊಮ್ಮೆ ಬರುವುದೆಂದು ಪಂಚಾಂಗದಲ್ಲಿದೆ. ನಮ್ಮ ನಾಡಿನ ಹೆಂಗಸರಿಗೆ ಅದು ಪ್ರಯಾಣಕ್ಕೊಮ್ಮೆ ಬರುವುದು. ಒಂದು ಸಲ ಹೀಗೆ ಬಂದು ಇಳಿದವಳು ಉರಿಮೂತ್ರದಿಂದ ನರಳಿ ಎಂಟು ದಿನ ಮಲಗಿದ್ದಳು. ಈಗ ಹತ್ತು ವರ್ಷದಿಂದ ಮಂಡಿ ಮಡಿಸಲಾಗದು. ಕುರ್ಚಿಯಂತಹ ಪೀಠವಿಲ್ಲದ ಕಡೆ ಆಕೆಗೆ ಗತಿಯಿಲ್ಲ. ಹೀಗಾಗಿ ತೌರೂರಿಗೆ ಬರುವುದನ್ನೇ ಬಿಟ್ಟುಬಿಟ್ಟಿದ್ದಳು.

ರೈಲಿನಲ್ಲಿ ಬರಬಹುದಲ್ಲ ಎಂದರೆ, ಓಡುವ ಗಾಡಿಯ ಆ ಇಕ್ಕಟ್ಟಿನಲ್ಲಿ ಆಕೆಗೆ ಕಾಲು ನಿಲ್ಲದು. ರೈಲಿನ ಮಾತು ಬಂದುದರಿಂದ ಒಂದು ಉಪಕಥೆ. ಬಹುಕಾಲ ನಮ್ಮ ಗಾಡಿಗಳ ಪಾಯಿಖಾನೆಯ ಕೊಳವೆಯು ನೇರವಾಗಿ ಹಳಿಗಳ ಮೇಲೆಯೇ ಬಾಯಿ ತೆರೆದಿದ್ದಿತು. ಗಾಡಿಯು ಸ್ಟೇಷನ್ನಿನಲ್ಲಿ ನಿಂತಿರುವಾಗ ಉಪಯೋಗಿಸಕೂಡದೆಂದು ಬರೆದಿರುತ್ತಿದ್ದರು. ಅಂದರೆ, ಬೀರೂರಿನ ಪ್ಲಾಟ್‌ಫಾರಂ ಚೊಕ್ಕಟವಾಗಿರಲಿ, ಬೀರೂರಿನಾಚೆಯ ಹೊಲದಂಚು ಹೇಗಾದರೂ ಇರಲಿ ಎಂದು ಅದರ ಅರ್ಥ. ರಕ್ಷಣಾ ಇಲಾಖೆಯ ಸಂಶೋಧಕರು ರೂಪಿಸಿದ, ಸೂಕ್ಷ್ಮಜೀವಿಗಳು ಮಲವನ್ನು ಕರಗಿಸುವ ತೊಟ್ಟಿಗಳನ್ನು 2011ರಿಂದ ಗಾಡಿಗಳಿಗೆ ಜೋಡಿಸತೊಡಗಿ, 2019ರ ವೇಳೆಗೆ ಬ್ರಾಡ್‌ಗೇಜಿನ ಪ್ರಯಾಣಿಕರ ಗಾಡಿಗಳಿಗೆಲ್ಲ ಅಳವಡಿಸಿದರು. ಚಲಿಸುವ ಪಾಯಿಖಾನೆಗೂ ನೆಲದ ಮೇಲೆ ಒಂದು ಹೊಣೆಯುಂಟೆಂಬ ಬುದ್ಧಿಯು ಬರಲು ಅಷ್ಟು ಕಾಲ ಹಿಡಿಯಿತು.

ಅಕ್ಕನ ಮಗನು ಫಾಲ್ಗುಣದಲ್ಲಿ ಟೆಲಿಫೋನು ಮಾಡಿದನು. “ಮಾವ, ಅಮ್ಮನಿಗೆ ಒಂದು ಸಲ ಅಜ್ಜಂಪುರ ನೋಡಬೇಕಂತೆ. ಒಂದು ಕ್ಯಾರವಾನ್ ಬಾಡಿಗೆಗೆ ಗೊತ್ತುಮಾಡಿದ್ದೇನೆ” ಎಂದನು. ಇದು ಮೋಟಾರಿನ ಮೇಲೆ ಕಟ್ಟಿದ ಸಣ್ಣ ಮನೆ: ಮಲಗಲು ಮಂಚ, ಒಂದು ಒಲೆ, ಕೈತೊಳೆಯುವ ಬೋಗುಣಿ, ಮೂಲೆಯಲ್ಲಿ ಪೀಠವುಳ್ಳ ಪಾಯಿಖಾನೆ. ನಾನು ಇದನ್ನು ಮನೆಬಂಡಿಯೆಂದು ಕರೆಯುವೆನು. ಹೊನ್ನಾವರದ ಹೆದ್ದಾರಿಯಲ್ಲಿ (ಹಿಂದೆ ಅದಕ್ಕೆ 206 ಎಂಬ ಸಂಖ್ಯೆಯಿತ್ತು) ತುಮಕೂರು, ತಿಪಟೂರು, ಅರಸೀಕೆರೆಗಳನ್ನು ದಾಟಿ ಬಂದು ಕಡೂರಿನಲ್ಲಿ ಒಂದು ರಾತ್ರಿ, ಬೀರೂರಿನ ಮೇಲೆ ತರೀಕೆರೆಗೆ ಹೋಗಿ ಅಲ್ಲೊಂದು ರಾತ್ರಿ, ಅಮೃತಾಪುರದ ದೇವಾಲಯವನ್ನು ನೋಡಿಕೊಂಡು ಅಜ್ಜಂಪುರದಲ್ಲಿ ಎರಡು ರಾತ್ರಿ, ಇದು ಅವನ ಯೋಜನೆ. ಕೆಮ್ಮಣ್ಣುಗುಂಡಿಯನ್ನೂ ಸೇರಿಸಿದ್ದನು, ಆ ಘಾಟಿಯ ತಿರುವುಗಳಲ್ಲಿ ಮನೆಯನ್ನು ಹೊತ್ತುಕೊಂಡು ಹತ್ತುವುದು ಬೇಡವೆಂದು ನಾನು ಅದನ್ನು ಹೊಡೆದುಹಾಕಿಸಿದೆನು.

ಆಮೇಲೆ ನಿಜವಾದ ಪ್ರಶ್ನೆ ಬಂದಿತು. ಬಂಡಿಯಿಂದ ಎರಡು ವಿಧದ ಹೊಲಸು ಹೊರಡುವುದಂತೆ. ಸ್ನಾನದ, ಪಾತ್ರೆ ತೊಳೆದ ನೀರು ಒಂದು; ಅದಕ್ಕೆ ಬೇರೆ ತೊಟ್ಟಿ. ಮಲಮೂತ್ರಗಳು ಪೀಠದ ಕೆಳಗಿನ ಪೆಟ್ಟಿಗೆಯಲ್ಲಿ ಬೀಳುವುವು. ಆ ಪೆಟ್ಟಿಗೆಯು 20 ಲೀಟರು ಹಿಡಿಯುವುದು. ಮೂವರಿಗೆ ಎರಡು ದಿನಕ್ಕೆ ತುಂಬುವುದು. ಅದನ್ನು ಹೊರಗೆಳೆದು ಎಲ್ಲಿಯಾದರೂ ಬರಿದುಮಾಡಬೇಕು. ಅಮೆರಿಕದಲ್ಲಿ ಇಂತಹ ಬಂಡಿಗಳು ಲೆಕ್ಕವಿಲ್ಲದಷ್ಟಿರುವುದರಿಂದ ಹೆದ್ದಾರಿಯ ತಂಗುದಾಣಗಳಲ್ಲಿಯೂ ಡೇರೆ ಹೂಡುವ ಬಯಲುಗಳಲ್ಲಿಯೂ ಅದಕ್ಕೆಂದೇ ಕಟ್ಟೆ ಕಟ್ಟಿ, ನಡುವೆ ಮುಚ್ಚಳವುಳ್ಳ ಬಾಯಿಯನ್ನಿಟ್ಟು, ತೊಳೆಯಲು ಬೇರೆ ನಲ್ಲಿಯನ್ನಿಟ್ಟು, ಆ ನಲ್ಲಿಯ ನೀರನ್ನು ಕುಡಿಯಕೂಡದೆಂದು ಬರೆದಿರುವರು. ಪ್ರಯಾಣಿಕರು ನಕ್ಷೆಯಲ್ಲಿ ಅಂತಹ ಸ್ಥಳಗಳನ್ನು ಮೊದಲು ಗುರುತುಮಾಡಿಕೊಂಡು, ಆಮೇಲೆ ಮಜಲುಗಳನ್ನು ಗೊತ್ತುಮಾಡುವರು. “ನಮ್ಮ ಕಡೆ ನಕ್ಷೆಯಲ್ಲಿ ಒಂದೂ ಸಿಗಲಿಲ್ಲ ಮಾವ. ನೀವೇ ಸ್ವಲ್ಪ ವಿಚಾರಿಸಬೇಕು. ಇಲ್ಲದಿದ್ದರೆ ಯಾರಾದರೂ ಆಳು ಗೊತ್ತುಮಾಡಿ, ಐನೂರು ಕೊಟ್ಟುಬಿಡೋಣ” ಎಂದನು. ಈ ಕಡೆಯ ಮಾತು ನನಗೆ ಸರಿಬೀಳಲಿಲ್ಲ. ಆದರೂ ವಿಚಾರಿಸುವೆನೆಂದೆನು.

ಈ ಪ್ರಶ್ನೆಯು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ದಾರಿಯಲ್ಲಿ, ಬೂದಿಯ ಮೇಲೆ, ಗೋವುಗಳ ಹಟ್ಟಿಯಲ್ಲಿ, ಉತ್ತ ನೆಲದಲ್ಲಿ, ನೀರಿನಲ್ಲಿ ವಿಸರ್ಜಿಸಕೂಡದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿದೆ. ಒಂಬತ್ತನೆಯದರಲ್ಲಿ, ಆಪತ್ತಿಲ್ಲದೆ ರಾಜಮಾರ್ಗದಲ್ಲಿ ಹೊಲಸು ಹಾಕಿದವನು ಎರಡು ಕಾರ್ಷಾಪಣ ದಂಡ ತೆತ್ತು ತಾನೇ ಅದನ್ನು ಶುಚಿಮಾಡಬೇಕೆಂದೂ, ವೃದ್ಧರು, ಗರ್ಭಿಣಿಯರು, ಮಕ್ಕಳು ಇವರನ್ನಾದರೆ ಬಾಯಿಮಾತಿನಲ್ಲಿ ಗದರಿಸಿ ಶುಚಿಮಾಡಿಸಬೇಕೆಂದೂ ಇದೆ. ಕೌಟಿಲ್ಯನು ಇನ್ನೂ ಲೆಕ್ಕಾಚಾರದವನು. ಪುಣ್ಯಸ್ಥಾನ, ನೀರಿನ ಸ್ಥಾನ, ದೇವಗೃಹ, ಅರಮನೆ ಎಂದು ಸ್ಥಳ ಹೆಚ್ಚಿದಂತೆ ದಂಡವನ್ನು ಏರಿಸಿ, ಔಷಧ ಸೇವಿಸಿದವನಿಗೂ ರೋಗಿಗೂ ಭಯದಿಂದ ಹಾಗಾದವನಿಗೂ ದಂಡವಿಲ್ಲವೆಂದು ಬಿಡುತ್ತಾನೆ. ಎಷ್ಟು ಮನುಷ್ಯತ್ವವುಳ್ಳ ಮಾತು! ಆದರೆ ಪಾಠಶಾಲೆಯಲ್ಲಿ ಶೌಚಕ್ಕೆ ಮೃತ್ತಿಕೆಯನ್ನು ಯಾವ ಕೈಗೆ ಎಷ್ಟು ಸಲ ಹಚ್ಚಬೇಕೆಂಬುದನ್ನು ನಮ್ಮಿಂದ ಬಾಯಿಪಾಠ ಮಾಡಿಸಿದ ಗುರುಗಳು, ಊರ ಹೊಲಸನ್ನು ಹೊರುವವನು ಯಾರು, ಅವನೇ ಏಕೆ ಎಂಬುದನ್ನು ಪಾಠದಲ್ಲಿ ತರಲಿಲ್ಲ. ತಾನೇ ಶುಚಿಮಾಡಬೇಕೆಂಬ ಒಂಬತ್ತನೆಯ ಅಧ್ಯಾಯದ ವಿಧಿಯು ಗ್ರಂಥದಲ್ಲಿಯೇ ಉಳಿಯಿತು. ಲೋಕದಲ್ಲಿ ಆ ಕೆಲಸವನ್ನು ಕೆಲವು ಕೇರಿಗಳ ಪಾಲಿಗೆ ಕಟ್ಟಿದರು.

ಕಡೂರಿನಲ್ಲಿ ಮೊದಲು ಹೆದ್ದಾರಿಯ ಬದಿಯ ಒಂದು ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿದೆನು. ಅಲ್ಲಿದ್ದವರು ಬಹಳ ಮರ್ಯಾದೆಯಿಂದ ಕುಳ್ಳಿರಿಸಿ, “ಅದಕ್ಕೇಕೆ ಯೋಚನೆ ಸ್ವಾಮೀ? ಹಿಂದುಗಡೆ ಹಳ್ಳವಿದೆ. ರಾತ್ರಿ ಹತ್ತರ ಮೇಲೆ ಸುರಿದು ಹೋಗಲಿ, ಯಾರು ನೋಡುತ್ತಾರೆ?” ಎಂದರು. ಹಳ್ಳವು ಎಲ್ಲಿಗೆ ಹೋಗುವುದೆಂದು ಕೇಳಿದೆನು. ಕೆರೆಗೆ, ಎಂದರು. ಮದಗದ ಕೆರೆಗೆ ಮಳೆ ಬಂದುದನ್ನು ಹಾಡಾಗಿ ಹಾಡುವ ತಾಲ್ಲೂಕಿನಲ್ಲಿ, ಅಯ್ಯನಕೆರೆಯಂತಹ ಕೆರೆಯನ್ನು ಪಡೆದ ತಾಲ್ಲೂಕಿನಲ್ಲಿ ಈ ಉತ್ತರ! ರಾತ್ರಿ ಬಂಡಿಯನ್ನು ನಿಲ್ಲಿಸಲು ಮಾತ್ರ ಅವರಿಂದ ಒಪ್ಪಿಗೆ ಪಡೆದು ಹೊರಟೆನು. ಮೊದಲ ದಿನ ಪೆಟ್ಟಿಗೆ ತುಂಬದಾದುದರಿಂದ ಅಷ್ಟೇ ಸಾಕಾಗಿದ್ದಿತು.

ತರೀಕೆರೆಯಲ್ಲಿ ಒಂದು ಕಲ್ಯಾಣಮಂಟಪದ ವ್ಯವಸ್ಥಾಪಕರು ಮಾತು ಮುಗಿಯುವ ಮುಂಚೆಯೇ ಒಪ್ಪಿದರು. ಮದುವೆಯಿಲ್ಲದ ದಿನವಾದರೆ ಅಂಗಳದಲ್ಲಿ ಬಂಡಿ ನಿಲ್ಲಬಹುದು, ನೀರು ಹಿಡಿದುಕೊಳ್ಳಬಹುದು, ಹಿಂದಿನ ಸೆಪ್ಟಿಕ್ ಟ್ಯಾಂಕಿಗೆ ಸುರಿಯಲೂಬಹುದು. ಆದರೆ ಮಾಘದ ಲಗ್ನಗಳಿಂದ ಟ್ಯಾಂಕು ತುಂಬಿಹೋಗಿದೆ, ಸಕ್ಕಿಂಗ್ ಗಾಡಿಯವನು ಬಂದು ಹೀರಬೇಕು, ಅವನನ್ನೇ ಕೇಳಿ ನೋಡಿ, ಎಂದು ವಿಳಾಸ ಕೊಟ್ಟರು. ಹೋಗಿ ನೋಡಿದರೆ ಅವನು ನನ್ನ ಹಳೆಯ ಶಿಷ್ಯ. ಗಾಡಿಯ ಕೊಳವೆಯನ್ನು ಸುತ್ತಿಡುತ್ತಿದ್ದವನು, ಕೈ ತೊಳೆದುಕೊಂಡು ಬಂದು, ದೂರದಲ್ಲಿಯೇ ನಿಂತು, “ಏನು ಮೇಷ್ಟ್ರೇ, ನೀವು ಇಲ್ಲಿಗೆ?” ಎಂದನು. ನಾನು ಹತ್ತಿರಕ್ಕೆ ಹೋಗಿ ಅವನ ಗಾಡಿಯ ಮೆಟ್ಟಿಲ ಮೇಲೆಯೇ ಕುಳಿತು ವಿಷಯವನ್ನು ಹೇಳಿದೆನು.

ಅವನು ಮೂರು ಪ್ರಶ್ನೆ ಕೇಳಿದನು. ಎಷ್ಟು ಲೀಟರು? ಇಪ್ಪತ್ತು. “ಅದು ಲೆಕ್ಕಕ್ಕೇ ಇಲ್ಲ.” ವಾಸನೆ ಬಾರದಂತೆ ಪೆಟ್ಟಿಗೆಗೆ ಯಾವ ಔಷಧಿ ಹಾಕುತ್ತಾರೆ? ನನಗೆ ತಿಳಿಯದೆ ಅಲ್ಲಿಂದಲೇ ಅಳಿಯನನ್ನು ಕೇಳಿದೆನು. ಅವನು ಸೀಸೆಯ ಮೇಲಿದ್ದ ಬರಹವನ್ನು ಓದಿ ಹೇಳಿದನು. ಅದರಲ್ಲಿ ಫಾರ್ಮಾಲ್ಡಿಹೈಡ್ ಇದ್ದಿತು. “ಅದು ಬೇಡ ಮೇಷ್ಟ್ರೇ. ಅದನ್ನು ಸುರಿದರೆ ಟ್ಯಾಂಕು ಸತ್ತುಹೋಗುತ್ತೆ” ಎಂದನು. ಟ್ಯಾಂಕು ಸಾಯುವುದೆಂಬ ಪ್ರಯೋಗವು ಸೊಗಸಾಗಿದೆ, ನಿಜವಾಗಿಯೂ ಇದೆ. ತೊಟ್ಟಿಯಲ್ಲಿ ಭಾರವಾದುದು ತಳಕ್ಕೆ ಇಳಿಯುವುದು, ಜಿಡ್ಡು ಮೇಲೆ ತೇಲುವುದು, ನಡುವಣ ನೀರು ಹೊರಕ್ಕೆ ಹರಿದು ಇಂಗುಗುಂಡಿಯಲ್ಲಿ ನೆಲಕ್ಕೆ ಸೇರುವುದು. ತಳದಲ್ಲಿದ್ದುದನ್ನು ಗಾಳಿಯಿಲ್ಲದ ಕತ್ತಲೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೆಲ್ಲಮೆಲ್ಲನೆ ಕರಗಿಸುವುವು. ಫಾರ್ಮಾಲ್ಡಿಹೈಡು ದುರ್ಗಂಧವನ್ನು ಅಡಗಿಸುವುದು ಈ ಜೀವಿಗಳನ್ನು ಕೊಂದೇ. ಹೊಲಸನ್ನು ತಿಂದು ಶುಚಿಮಾಡುವವರನ್ನು ಕೊಂದು, ಬಂಡಿಯೊಳಗೆ ಮೂಗಿಗೆ ಹಿತಮಾಡಿಕೊಳ್ಳುವ ಉಪಾಯ ಅದು.

ಮೂರನೆಯ ಪ್ರಶ್ನೆಯನ್ನು ಅವನು ನನ್ನ ಮುಖ ನೋಡದೆ ಕೇಳಿದನು. “ಪೆಟ್ಟಿಗೆ ಎತ್ತಿ ಸುರಿಯೋರು ಯಾರು?”

ಅವನ ತಂದೆಯು ಗುಂಡಿಗಳಿಗೆ ಇಳಿಯುತ್ತಿದ್ದವನು. ಆಗ ಅಂತಹವರನ್ನು ಪೌರಕಾರ್ಮಿಕರೆಂದು ಯಾರೂ ಕರೆಯುತ್ತಿರಲಿಲ್ಲ. ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲಾರೆನು. 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆಲ್ಲ 1993ರಲ್ಲಿ ಒಂದು ಶಾಸನವೂ 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಶಾಸನವೂ ಬಂದುವು. ರಕ್ಷಣೆಯಿಲ್ಲದೆ ಮನುಷ್ಯನನ್ನು ತೊಟ್ಟಿಗೆ ಇಳಿಸುವುದು ಈಗ ಶಿಕ್ಷಾರ್ಹವಾದ ಅಪರಾಧ. ಆದರೂ ಆ ಕತ್ತಲೆಯಲ್ಲಿ ಹುಟ್ಟುವ ವಿಷವಾಯುವಿಗೆ ಸಿಕ್ಕಿ ಸಾಯುವವರು ಇದ್ದೇ ಇರುವುದರಿಂದಲೇ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿತು. ಹೊಣೆಯನ್ನು ಹೀಗೆ ಹಣದಲ್ಲಿ ಅಳೆದಿಡಬೇಕಾದ ದೇಶದಲ್ಲಿ ಅಳಿಯನ ಐನೂರರ ಅರ್ಥವೇನೆಂಬುದು ಈ ಶಿಷ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ನನ್ನ ಅಳಿಯನೇ ಸುರಿಯುತ್ತಾನೆ” ಎಂದೆನು.

“ಹಾಗಾದರೆ ಬರಲಿ. ಆವತ್ತು ಬೆಳಗ್ಗೆ ಟ್ಯಾಂಕು ಹೀರಿಟ್ಟಿರುತ್ತೇನೆ. ಮುಚ್ಚಳ ತೆಗೆದು ಕೊಡುತ್ತೇನೆ. ಕೈಚೀಲ ತರಲು ಹೇಳಿ, ರಬ್ಬರಿನದು” ಎಂದನು.

ಹೀರಿದುದನ್ನು ನೀನೆಲ್ಲಿ ಬಿಡುವೆ ಎಂದು ನಾನೂ ಒಂದು ಪ್ರಶ್ನೆ ಕೇಳಿದೆನು. ಬೇಸಗೆಯಲ್ಲಿ ತೋಟದವರು ತಾವೇ ಕರೆಯುತ್ತಾರೆ, ಗುಂಡಿ ತೋಡಿ ಬಿಡಿಸಿಕೊಳ್ಳುತ್ತಾರೆ, ಮಳೆಗಾಲದಲ್ಲಿ ಯಾರೂ ಕರೆಯುವುದಿಲ್ಲ, ಎಂದು ನಕ್ಕನು. ಮಳೆಗಾಲದ ಉತ್ತರವನ್ನು ಅವನು ಹೇಳಲಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಶುದ್ಧೀಕರಣದ ಘಟಕವನ್ನು ಕಟ್ಟಿರುವರು. ಗಾಡಿಗಳು ತಂದ ಕೆಸರು ಅಲ್ಲಿ ತೊಟ್ಟಿಯಲ್ಲಿ ಕಳಿತು, ಹಾಸುಗಳ ಮೇಲೆ ಒಣಗಿ, ಕಡೆಗೆ ಹೊಲಕ್ಕೆ ಗೊಬ್ಬರವಾಗುವುದು. ಇಡೀ ಒಂದು ಪಟ್ಟಣಕ್ಕೆಂದು ನಮ್ಮ ದೇಶದಲ್ಲಿ ಕಟ್ಟಿದವುಗಳಲ್ಲಿ ಅದು ಮೊದಲನೆಯದು. ತಾಲ್ಲೂಕಿಗೊಂದು ಅಂತಹುದಿದ್ದರೆ ಶಿಷ್ಯನ ಗಾಡಿಗೂ ನೆಲೆಯಾಗುವುದು, ಅಳಿಯನ ಪೆಟ್ಟಿಗೆಗೂ ನೆಲೆಯಾಗುವುದು. ಮನೆಬಂಡಿಗಳಿಗೆಂದು ಹೆದ್ದಾರಿಯಲ್ಲಿ ಬೇರೆ ಕಟ್ಟೆ ಕಟ್ಟುವುದಕ್ಕಿಂತ ಇದೇ ಮೊದಲು ಆಗಬೇಕೆಂದು ನನ್ನ ಅಭಿಪ್ರಾಯ. ಕಟ್ಟೆಯ ಬಾಯಿಗೆ ಸುರಿದುದೂ ಕೊನೆಗೆ ಎಲ್ಲಿಗಾದರೂ ಹೋಗಲೇಬೇಕಷ್ಟೆ.

ಅಜ್ಜಂಪುರದ ಕೆಲಸವು ಸುಲಭವಾಗಿದ್ದಿತು. ಅಲ್ಲಿ ನನ್ನ ಬಾಲ್ಯಸ್ನೇಹಿತರೊಬ್ಬರು ಊರ ಹೊರಗೆ ಈರುಳ್ಳಿ ಬೆಳೆಯುವರು. ಹೊಲದ ಮನೆಯ ಪಾಯಿಖಾನೆಗೆ ಎರಡು ಗುಂಡಿಗಳುಂಟು. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವರು. ಮುಚ್ಚಿದುದು ಎರಡು ವರ್ಷ ಕಳೆದರೆ ವಾಸನೆಯಿಲ್ಲದ ಕರಿಮಣ್ಣಾಗುವುದು. “ಔಷಧಿ ಗಿವುಷಧಿ ಇಲ್ಲದಿದ್ದರೆ ನಿನ್ನ ಅಕ್ಕನ ಪೆಟ್ಟಿಗೆಗೆ ನಮ್ಮ ಗುಂಡಿಯಲ್ಲಿ ಜಾಗವಿದೆ ಕಣಯ್ಯ. ಪಾತ್ರೆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಬಿಡಲಿ” ಎಂದರು.

ಚೈತ್ರಮಾಸದಲ್ಲಿ ಬಂಡಿ ಬಂದಿತು. ಅಳಿಯನು ಸೀಸೆಯನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಬಂದಿದ್ದನು. ಎರಡನೆಯ ದಿನದ ಸಂಜೆಯ ಹೊತ್ತಿಗೆ ಅದರ ಫಲವು ಸ್ವಲ್ಪಮಟ್ಟಿಗೆ ತಿಳಿಯುತ್ತಿದ್ದಿತು. ಕಡೂರಿನಲ್ಲಿ ನಾನು ಹತ್ತಿಕೊಂಡಾಗ ಅಕ್ಕ ಕಿಟಕಿಯ ಬಳಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದಳು. ಅರಸೀಕೆರೆಯಿಂದೀಚೆಗೆ ಇದು ಎರಡನೆಯ ಲೋಟವೆಂದು ಸೊಸೆಯು ಹೇಳಿದಳು. ತರೀಕೆರೆಯಲ್ಲಿ ಶಿಷ್ಯನು ಹೇಳಿದ ಹೊತ್ತಿಗೆ ಬಂದು ಮುಚ್ಚಳ ತೆಗೆದನು. ಅಳಿಯನು ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಕೆಲಸದಲ್ಲಿರುವವನು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊದಲ ಸಲ ಸ್ವಲ್ಪ ಕಾಲಿಗೆ ಚೆಲ್ಲಿಕೊಂಡು, ಆಮೇಲೆ ಸರಿಯಾಗಿ ಸುರಿದು, ಮೂರು ಸಲ ನೀರು ಹಾಕಿ ಪೆಟ್ಟಿಗೆಯನ್ನು ಕುಲುಕಿ ತೊಳೆದನು. ಶಿಷ್ಯನು ಕೊಳವೆಯಿಂದ ಅವನ ಕಾಲಿಗೆ ನೀರು ಬಿಟ್ಟನು. ದುಡ್ಡು ಕೊಡಹೋದಾಗ, “ಟ್ಯಾಂಕು ಹೀರಿದ್ದಕ್ಕೆ ಮಂಟಪದವರು ಕೊಟ್ಟಿದ್ದಾರೆ. ಮುಚ್ಚಳ ತೆಗೆಯೋಕೆ ದುಡ್ಡಿಲ್ಲ ಸಾರ್” ಎಂದುಬಿಟ್ಟನು. ಅಕ್ಕ ಅವನನ್ನು ಬಂಡಿಯೊಳಕ್ಕೆ ಕರೆದು, ತಾನೇ ಕಾಫಿ ಬೆರೆಸಿ, ಮನೆಯವರೆಲ್ಲ ಕುಡಿಯುವ ಲೋಟದಲ್ಲಿಯೇ ಕೊಟ್ಟಳು. ನಮ್ಮ ತಾಯಿಯವರ ಕಾಲದಲ್ಲಿ ಇದು ನಡೆಯುತ್ತಿರಲಿಲ್ಲ.

ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಆ ದೇವಾಲಯದ ಜಗಲಿಯ ಮೇಲೆ ಅಕ್ಕ ಒಂದು ಗಂಟೆ ಕುಳಿತಿದ್ದಳು. ಅವಸರವಿರಲಿಲ್ಲ. ಅಜ್ಜಂಪುರದಲ್ಲಿ ನಾವು ಹುಟ್ಟಿದ ಮನೆಯಿದ್ದ ಜಾಗದಲ್ಲಿ ಈಗ ಬೇರೆಯವರ ಮಾಳಿಗೆಯ ಮನೆಯಿದೆ. ಅವರು ಒಳಕ್ಕೆ ಕರೆದು ಉಪಚರಿಸಿದರು. ಹಿತ್ತಲ ಬಾವಿಯು ಮಾತ್ರ ಹಳೆಯದೇ. ಅಲ್ಲಿ ಸೇದಿಸಿ ಒಂದು ಚೊಂಬು ನೀರನ್ನು ಆಕೆ ನಿಂತಲ್ಲಿಯೇ ಕುಡಿದಳು.

ಹಿಂದಿರುಗುವ ದಿನ, “ಶೃಂಗೇರಿಗೂ ಹೀಗೆಯೇ ಹೋಗಬಹುದೇನೋ?” ಎಂದು ಅಕ್ಕ ಕೇಳಿದಳು. ಅಳಿಯನು ನನ್ನ ಕಡೆಗೆ ನೋಡಿದನು. ಅಲ್ಲಿಯ ಪರಿಚಿತರೊಬ್ಬರಿಗೆ, ಎಷ್ಟು ಲೀಟರೆಂಬುದನ್ನೂ ಔಷಧಿಯಿಲ್ಲವೆಂಬುದನ್ನೂ ಸುರಿಯುವವರು ನಾವೇ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿ ಒಂದು ಕಾಗದ ಬರೆದಿದ್ದೇನೆ. ಉತ್ತರವು ಇನ್ನೂ ಬಂದಿಲ್ಲ.